ಊರಿನ ಸಭೆಯೂ ನಾಡಿನ ಶಾಸನವೂ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಳಿ ಒಂದು ಬಂಡೆಯಿದೆ. ಅದರ ಮೇಲೆ ಅಶೋಕ ಚಕ್ರವರ್ತಿಯ ಲಿಪಿಯಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡು ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಅಪ್ಪಣೆ ಅದು. ಮೊದಲು ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸುತ್ತದೆ. ಅನಂತರ ಚಕ್ರವರ್ತಿಯ ಮಾತನ್ನು ತಿಳಿಸುತ್ತದೆ. ಬರೆದ ಲಿಪಿಕಾರ ಚಪಡನ ಹೆಸರು ಕೂಡ ಉಳಿದುಬಂದಿದೆ. ಇಸಿಲದ ಜನರು ಅದಕ್ಕೆ ಏನೆಂದರೆಂಬುದು ಮಾತ್ರ ಯಾವ ಬಂಡೆಯ ಮೇಲೆಯೂ ಇಲ್ಲ. ಆರೋಗ್ಯವನ್ನು ಕೇಳಿದರು, ಅಭಿಪ್ರಾಯವನ್ನು ಕೇಳಲಿಲ್ಲ.

ನಮ್ಮ ಭಾಷೆಯಲ್ಲಿ ಕಲ್ಲಿನ ಬರಹಕ್ಕೂ ಶಾಸನವೆಂದೇ ಹೆಸರು, ಶಾಸಕರು ಮಾಡುವ ಕಾಯಿದೆಗೂ ಶಾಸನವೆಂದೇ ಹೆಸರು. ಎರಡೂ ಮೇಲಿನಿಂದ ಊರಿಗೆ ಇಳಿದು ಬರುವಂಥವು. ಊರಿನಿಂದ ಮೇಲಕ್ಕೆ ಮಾತು ಹೋಗುವ ದಾರಿ ಯಾವುದು, ರಾಜ್ಯದ ವಿಧಾನಮಂಡಲವೂ ದೆಹಲಿಯ ಸಂಸತ್ತೂ ಮಾಡುವ ಕಾಯಿದೆಗಳ ವಿಷಯದಲ್ಲಿ ಒಂದು ಪುರಸಭೆ ತನ್ನ ನಿಲುವನ್ನು ಹೇಗೆ ಗೊತ್ತುಮಾಡಿಕೊಂಡು ಹೇಗೆ ತಿಳಿಸಬೇಕು, ಎಂಬುದೇ ಈ ಸಂಜೆ ನಮ್ಮ ವಿಚಾರ.

ಪುರಸಭೆಗೆ ಈ ಉಸಾಬರಿ ಏಕೆ ಎಂದು ಕೇಳುವವರು ಉಂಟು. ಚರಂಡಿ, ಬೀದಿದೀಪ, ಕುಡಿಯುವ ನೀರು, ಸ್ಮಶಾನ, ಇವನ್ನು ನೆಟ್ಟಗೆ ನೋಡಿಕೊಂಡರೆ ಸಾಲದೆ, ದೆಹಲಿಯ ಮಸೂದೆಯ ಮೇಲೆ ಇವರದೊಂದು ಠರಾವು ಬೇರೆಯೆ ಎಂದು ನಗುವವರನ್ನು ನಾವು ಬಲ್ಲೆವು. ಆ ನಗೆಯಲ್ಲಿ ಸ್ವಲ್ಪ ನ್ಯಾಯವೂ ಇದೆ. ಆದರೆ ಚಳ್ಳಕೆರೆಯನ್ನೂ ಮೊಳಕಾಲ್ಮೂರನ್ನೂ ಒಮ್ಮೆ ನೋಡಿ. ಚಳ್ಳಕೆರೆಯಲ್ಲಿರುವುದು ನಗರಸಭೆ, ಮೊಳಕಾಲ್ಮೂರಿನಲ್ಲಿರುವುದು ಪಟ್ಟಣ ಪಂಚಾಯಿತಿ. ಎರಡೂ 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಮಕ್ಕಳು. ಚಳ್ಳಕೆರೆ ಕಡಲೆಕಾಯಿ ಎಣ್ಣೆಯ ಊರು. ಒಂದು ಕಾಲಕ್ಕೆ ಜನ ಅದನ್ನು ಎರಡನೆಯ ಮುಂಬಯಿ ಎಂದು ಕರೆಯುತ್ತಿದ್ದರು. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಗಾಣದ ಭಾಗ್ಯವನ್ನಾಗಲಿ ಮಗ್ಗದ ಭಾಗ್ಯವನ್ನಾಗಲಿ ಆ ಊರುಗಳ ಸಭೆ ನಿರ್ಣಯಿಸಲಿಲ್ಲ. 1994ರಲ್ಲಿ ಭಾರತ ಸರ್ಕಾರವು ಪಾಮೋಲಿನ್ ಎಣ್ಣೆಯ ಆಮದನ್ನು ಖಾಸಗಿ ವರ್ತಕರಿಗೆ ತೆರೆದುಬಿಟ್ಟಿತು. ಮಳೆ ಕೈಕೊಟ್ಟ ವರ್ಷಗಳಿಂದ ಮೊದಲೇ ಬಳಲಿದ್ದ ಕಡಲೆಕಾಯಿಯ ಗಿರಣಿಗಳಿಗೆ ಹಡಗಿನಲ್ಲಿ ಬಂದ ಅಗ್ಗದ ಎಣ್ಣೆ ಎದುರಾಳಿಯಾಯಿತು. ಗಿರಣಿ ನಿಂತರೆ ಹಮಾಲಿಯ ಕೂಲಿ ನಿಲ್ಲುತ್ತದೆ, ಗಾಡಿಯ ಬಾಡಿಗೆ ನಿಲ್ಲುತ್ತದೆ. ಕಡೆಗೆ ನಗರಸಭೆಯ ಕಂದಾಯವೂ ಬಾಕಿಯಾಗುತ್ತದೆ. ಆಗ ಚರಂಡಿಯ ದುರಸ್ತಿಗೂ ಹಣವಿಲ್ಲ. ಬಂದರಿನ ಸುಂಕಕ್ಕೂ ಚಳ್ಳಕೆರೆಯ ಚರಂಡಿಗೂ ನಡುವೆ ಇರುವ ದೂರ ನಾವು ತಿಳಿದಷ್ಟು ದೊಡ್ಡದಲ್ಲ.

ಇನ್ನೊಂದು ನಿದರ್ಶನವು ಎಲ್ಲ ಊರುಗಳಿಗೂ ಸಲ್ಲುವಂಥದು. ಹಿಂದೆ ಪುರಸಭೆಗಳ ಸ್ವಂತ ಆದಾಯಗಳಲ್ಲಿ ಮುಖ್ಯವಾದುದು ಆಕ್ಟ್ರಾಯ್. ಊರಬಾಗಿಲಿನಲ್ಲಿ ಸರಕಿನ ಮೇಲೆ ಎತ್ತುತ್ತಿದ್ದ ಸುಂಕ. ಗಾಡಿಗಳನ್ನು ತಡೆದು ನಿಲ್ಲಿಸುವ ಆ ಪದ್ಧತಿಯ ಕಿರುಕುಳ ಕಡಮೆಯದೇನಲ್ಲ. ಅದು ಹೋದದ್ದಕ್ಕೆ ನಾವು ಕಣ್ಣೀರು ಸುರಿಸುವುದಿಲ್ಲ. ಆದರೆ 1979ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ರದ್ದುಮಾಡಿ ಸರಕಿನ ಪ್ರವೇಶ ತೆರಿಗೆಯನ್ನು ತಾನೇ ವಿಧಿಸತೊಡಗಿದಂದಿನಿಂದ, ತನ್ನ ಬಾಗಿಲಿನಲ್ಲಿ ತಾನೇ ಕಾಸು ಎಣಿಸುತ್ತಿದ್ದ ಊರು ಅನುದಾನಕ್ಕಾಗಿ ಬೆಂಗಳೂರಿನ ಕಡೆ ನೋಡುವಂತಾಯಿತು. ಆ ಪ್ರವೇಶ ತೆರಿಗೆಯೂ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಕರಗಿತು. ಈ ತೆರಿಗೆಯ ಪ್ರಮಾಣವನ್ನು ಶಿಫಾರಸು ಮಾಡುವ ಮಂಡಳಿಯಲ್ಲಿ ಕೇಂದ್ರಕ್ಕೆ ಸ್ಥಾನವುಂಟು, ರಾಜ್ಯಗಳಿಗೆ ಸ್ಥಾನವುಂಟು, ಊರುಗಳಿಗೆ ಇಲ್ಲ.

ಹಾಗಾದರೆ ಊರನ್ನು ಕೇಳುವ ಪದ್ಧತಿ ನಮ್ಮಲ್ಲಿ ಎಂದೂ ಇರಲೇ ಇಲ್ಲವೆ? ಇತ್ತು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯನ್ನು ಇಲ್ಲಿ ನೆನೆಯಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ ಅದು ಮೊದಲ ಸಲ ಸೇರಿದಾಗ ಬಂದವರು 144 ಮಂದಿ. ಪ್ರತಿ ತಾಲೂಕಿನಿಂದ ಒಬ್ಬಿಬ್ಬರು ಭೂಮಿಯುಳ್ಳ ರೈತರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರು. ಮುಂದೆ ಪುರಸಭೆಗಳಿಗೂ ಅಲ್ಲಿ ಸ್ಥಾನ ದೊರೆಯಿತು. ಮೊದಮೊದಲು ಸರ್ಕಾರದ ವರದಿಯನ್ನು ಕೇಳುವುದು, ತಮ್ಮ ಊರಿನ ಅಹವಾಲನ್ನು ಹೇಳಿಕೊಳ್ಳುವುದು, ಇಷ್ಟೇ ಅವರ ಕೆಲಸ. ಆದರೆ ಬ್ರಜೇಂದ್ರನಾಥ ಸೀಲರ ಸಮಿತಿ ವಿಚಾರಮಾಡಿದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1923ರಲ್ಲಿ ಬಂದ ಸುಧಾರಣೆಯು ಆ ಸಭೆಗೆ ಒಂದು ನಿಜವಾದ ಹಕ್ಕನ್ನು ಕೊಟ್ಟಿತು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಮಸೂದೆಯೊಂದನ್ನು ನ್ಯಾಯವಿಧಾಯಕ ಸಭೆಯಲ್ಲಿ ತರುವುದಕ್ಕೆ ಮುಂಚೆ ಅದರ ಮೂಲ ತತ್ತ್ವಗಳ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕು. ಹೊಸ ತೆರಿಗೆಯ ವಿಷಯದಲ್ಲಿಯೂ ಕೇಳಬೇಕು. ಕೇಳಿದ ಮೇಲೆ ಹಾಗೆಯೇ ನಡೆಯಬೇಕೆಂಬ ನಿರ್ಬಂಧವಿರಲಿಲ್ಲ. ಮತ ಹಾಕುವ ಹಕ್ಕು ಕೆಲವರಿಗೆ ಮಾತ್ರ ಇದ್ದ ಕಾಲ ಅದು ಎಂಬುದನ್ನೂ ಮರೆಯಕೂಡದು. ಆದರೂ ಸರ್ಕಾರವು ತಾನಾಗಿ ಬಂದು “ನೀವು ಏನೆನ್ನುತ್ತೀರಿ” ಎಂದು ಕೇಳಬೇಕಾಗಿತ್ತು.

1949ರಲ್ಲಿ ಆ ಸಭೆ ಮುಗಿಯಿತು. ವಯಸ್ಕರೆಲ್ಲರಿಗೂ ಮತ ಬಂದಿತು, ಶಾಸನಸಭೆಯೇ ಜನರ ಸಭೆಯಾಯಿತು. ಇನ್ನು ಬೇರೆ ಕೇಳುವುದೇಕೆಂಬ ಭಾವನೆ ಸಹಜವಾದುದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪುರಸಭೆಗಳಿಗೆ ಸಂವಿಧಾನದಲ್ಲಿ ಹೆಸರನ್ನು ಕೊಟ್ಟು, 12ನೆಯ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿಮಾಡಿತು. ಕಾಯಿದೆ ಮಾಡುವ ಮುನ್ನ ಪುರಸಭೆಯನ್ನು ಕೇಳಬೇಕೆಂಬ ಮಾತು ಮಾತ್ರ ಆ ಪಟ್ಟಿಯಲ್ಲಿ ಇಲ್ಲ.

ಹಕ್ಕಿಲ್ಲದಿದ್ದರೂ ಬಾಗಿಲುಗಳಿವೆ. ಆ ಬಾಗಿಲುಗಳನ್ನು ನಮ್ಮ ಸದಸ್ಯ ಮಹಾಶಯರೇ ಎಷ್ಟೋ ವೇಳೆ ಮರೆತಿರುತ್ತಾರಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಊರು ಯಾವ ಕ್ಷೇತ್ರಕ್ಕೆ ಸೇರಿದೆಯೋ ಆ ಕ್ಷೇತ್ರದ ವಿಧಾನಸಭಾ ಸದಸ್ಯರೂ ಲೋಕಸಭಾ ಸದಸ್ಯರೂ ಪುರಸಭೆಗೆ ಸದಸ್ಯರಾಗಿರುತ್ತಾರೆ. ಸರ್ಕಾರ ನಾಮಕರಣ ಮಾಡಿದವರಿಗೆ ಅಲ್ಲಿ ಮತವಿಲ್ಲ, ಇವರಿಗೆ ಮತವುಂಟು. ಚಳ್ಳಕೆರೆಯ ನಗರಸಭೆಯ ಸಭಾಂಗಣದಲ್ಲಿ ಬೆಂಗಳೂರಿನಲ್ಲಿ ಕೈಯೆತ್ತುವ ಒಬ್ಬರಿಗೂ ದೆಹಲಿಯಲ್ಲಿ ಕೈಯೆತ್ತುವ ಒಬ್ಬರಿಗೂ ಕುರ್ಚಿ ಇದೆ ಎಂದಾಯಿತು. ಕುರ್ಚಿ ತುಂಬಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಲ್ಲದೆ, 75 ಮಂದಿಯ ನಮ್ಮ ವಿಧಾನ ಪರಿಷತ್ತಿನಲ್ಲಿ 25 ಮಂದಿಯನ್ನು ಚುನಾಯಿಸುವವರು ಸ್ಥಳೀಯ ಸಂಸ್ಥೆಗಳ ಸದಸ್ಯರೇ. ಮತ ಕೇಳಲು ಬಂದ ಅಭ್ಯರ್ಥಿಯನ್ನು ಕೂರಿಸಿ, ನಮ್ಮ ಊರಿನ ಪಾಡಿಗೆ ಸಂಬಂಧಿಸಿದ ಇಂಥ ಕಾಯಿದೆಯ ವಿಷಯದಲ್ಲಿ ತಮ್ಮ ನಿಲುವೇನು ಎಂದು ಕೇಳಿದ ಪುರಸಭಾ ಸದಸ್ಯರು ಎಷ್ಟು ಮಂದಿ ಇದ್ದಾರೋ ಕಾಣೆವು.

ಇನ್ನೊಂದು ಬಾಗಿಲು ರಾಜ್ಯಪತ್ರದಲ್ಲಿದೆ. ಕಾಯಿದೆ ದೊಡ್ಡದಾಗಿ ಕಂಡರೂ ಜನರನ್ನು ತಟ್ಟುವುದು ಬಹುಮಟ್ಟಿಗೆ ಅದರ ಕೆಳಗಿನ ನಿಯಮಗಳು. ಅನೇಕ ನಿಯಮಗಳನ್ನು ಮೊದಲು ಕರಡಾಗಿ ಪ್ರಕಟಿಸಿ, ಗೊತ್ತಾದ ದಿನದೊಳಗೆ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಕಳುಹಿಸಬಹುದೆಂದು ಸಾರುತ್ತಾರೆ. ಸಂಸತ್ತಿನಲ್ಲಿಯೂ 1993ರಿಂದ ಇಲಾಖಾವಾರು ಸ್ಥಾಯೀ ಸಮಿತಿಗಳಿದ್ದು, ತಮಗೆ ಒಪ್ಪಿಸಿದ ಮಸೂದೆಗಳ ಮೇಲೆ ಸಾರ್ವಜನಿಕರಿಂದ ಬಿನ್ನಹಗಳನ್ನು ಕರೆಯುವುದುಂಟು. ಗಡುವಿನೊಳಗೆ ಹೋದ ಒಂದು ಹಾಳೆಗೆ ಇರುವ ಬೆಲೆ ಗಡುವು ಮೀರಿ ಹೋದ ಹತ್ತು ಹಾಳೆಗಿಲ್ಲ.

ಬಾಗಿಲೇ ಇಲ್ಲದಾಗ ಏನಾಗುತ್ತದೆಂಬುದಕ್ಕೂ ಚಳ್ಳಕೆರೆಯ ಸೀಮೆಯೇ ಸಾಕ್ಷಿ. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ, ಸಾಮಾಜಿಕ ಪರಿಣಾಮದ ವಿಚಾರಣೆಯಲ್ಲಿ ಆಯಾ ಪಂಚಾಯಿತಿ ಅಥವಾ ಪುರಸಭೆಯೊಡನೆ ಸಮಾಲೋಚಿಸಬೇಕು. ಆದರೆ ಅದಕ್ಕೆ ಮುಂಚೆಯೇ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ, ರಕ್ಷಣಾ ಸಂಶೋಧನೆ, ಪರಮಾಣು ಸಂಶೋಧನೆ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಹೋಗಿತ್ತು. ಅದು ಸರ್ಕಾರದ ಹೆಸರಿನ ನೆಲ. ರೈತನ ಪಟ್ಟಾ ಭೂಮಿಯಂತೆ ಸ್ವಾಧೀನದ ವಿಚಾರಣೆಗೆ ಬರುವಂಥದಲ್ಲ. ದನ ಕುರಿ ಮೇಯಿಸುತ್ತಿದ್ದವರ ಮಾತು ಕಡೆಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋಗಿ ಕೇಳಿಸಬೇಕಾಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮೊದಲೇ ಕೇಳಿದ್ದರೆ ವರ್ಷಗಟ್ಟಲೆ ಕೋರ್ಟಿನ ದಾರಿ ತುಳಿಯುವುದು ಎರಡು ಕಡೆಯವರಿಗೂ ತಪ್ಪುತ್ತಿತ್ತೋ ಏನೋ.

ನಿಲುವು ತಳೆಯುವುದಕ್ಕೆ ಬೆಲೆಯೂ ಉಂಟು. 2005ರಲ್ಲಿ ಬೆಳಗಾವಿಯ ನಗರಪಾಲಿಕೆಯು ತನ್ನ ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿತು. ಕರ್ನಾಟಕ ಸರ್ಕಾರವು ಆ ಪಾಲಿಕೆಯನ್ನೇ ವಿಸರ್ಜಿಸಿತು. ರಾಜ್ಯಗಳ ಗಡಿಯನ್ನು ಬದಲಾಯಿಸುವುದು ಸಂವಿಧಾನದ 3ನೆಯ ಅನುಚ್ಛೇದದಂತೆ ಸಂಸತ್ತಿನ ಕೆಲಸ. ಅದಕ್ಕೆ ಮುನ್ನ ಕೇಳಬೇಕಾದುದು ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು, ನಗರದ್ದನ್ನಲ್ಲ. ಬೆಳಗಾವಿ ಕರ್ನಾಟಕದ್ದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಒಂದು ನಿರ್ಣಯಕ್ಕಾಗಿ ಒಂದು ಚುನಾಯಿತ ಸಭೆಯೇ ಹೋಗಬೇಕಾಗಿತ್ತೆ ಎಂಬ ಪ್ರಶ್ನೆಯನ್ನು ನಾವು ಅಷ್ಟು ಸುಲಭವಾಗಿ ಬಿಡಲಾರೆವು. ಸಾಮಾನ್ಯ ಸಂದರ್ಭಗಳಲ್ಲಿಯೂ, ಕಾನೂನಿಗೆ ವಿರುದ್ಧವೆಂದು ಕಂಡ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಆದ್ದರಿಂದ ಪುರಸಭೆಯು ಅಪ್ಪಣೆಯ ಧಾಟಿಯಲ್ಲಿ ಅಲ್ಲ, ಬಿನ್ನಹದ ಧಾಟಿಯಲ್ಲಿ ಬರೆಯುವುದು ಒಳ್ಳೆಯದು. ಅಮೆರಿಕದ ಲಾಸ್ ಏಂಜಲೀಸಿನಂಥ ನಗರಗಳಲ್ಲಿ, ರಾಜ್ಯದ ಮತ್ತು ಕೇಂದ್ರದ ಮಸೂದೆಗಳಲ್ಲಿ ಯಾವುದನ್ನು ಬೆಂಬಲಿಸಬೇಕು ಯಾವುದನ್ನು ವಿರೋಧಿಸಬೇಕು ಎಂಬುದನ್ನು ನಗರಸಭೆಯ ನಿರ್ಣಯದಿಂದಲೇ ಗೊತ್ತುಮಾಡಿ, ಅದನ್ನು ನಗರದ ಶಾಸನ ಕಾರ್ಯಕ್ರಮಕ್ಕೆ ಸೇರಿಸುತ್ತಾರೆ. ಆ ಬಳಿಕವೇ ನಗರದ ಹೆಸರಿನಲ್ಲಿ ಮಾತನಾಡುವುದು. ನಮ್ಮಲ್ಲಿ ಅಂಥ ಏರ್ಪಾಡು ಬೆಳೆದಿಲ್ಲ.

ನಮ್ಮಲ್ಲಿ ಬೆಳೆದಿರುವುದೇನೆಂಬುದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಒಂದು ಊರಿನ ಪುರಸಭೆಯ ಸಾಮಾನ್ಯ ಸಭೆಯನ್ನು ನೋಡಲು ಹೋಗಿದ್ದೆವು. ಊರಿನ ಹೆಸರು ಬೇಡ. ಕಾರ್ಯಸೂಚಿಯ ಕಡೆಯಲ್ಲಿ, “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂಬ ತಲೆಬರಹದ ಕೆಳಗೆ, ದೆಹಲಿಯ ಒಂದು ಮಸೂದೆಯ ವಿರುದ್ಧ ಠರಾವು ಬಂದಿತು. ಮಸೂದೆಯ ಪ್ರತಿ ಯಾರ ಕೈಯಲ್ಲಿಯೂ ಇರಲಿಲ್ಲ. ಹಿರಿಯ ಸದಸ್ಯರೊಬ್ಬರು, “ಏನ್ರೀ ಇದು, ಒಳಗೇನಿದೆ ಅಂತ ಯಾರಾದರೂ ಓದಿದ್ದೀರಾ?” ಎಂದರು. “ಪೇಪರ್‌ನಲ್ಲಿ ಬಂದದೆ ಬಿಡಿ ಯಜಮಾನರೆ” ಎಂದು ಇನ್ನೊಬ್ಬರು. ಸರ್ವಾನುಮತದಿಂದ ಅಂಗೀಕಾರ, ಮೂರು ನಿಮಿಷವೂ ಹಿಡಿಯಲಿಲ್ಲ. ಅದಕ್ಕೆ ಮುಂಚೆ ಒಂದು ಕೊಳವೆಬಾವಿಯ ಮೋಟಾರಿನ ಮೇಲೆ ಒಂದು ಗಂಟೆ ಚರ್ಚೆ ನಡೆದಿತ್ತು. ನಮಗೆ ಆಶ್ಚರ್ಯವಾದದ್ದು ಮೋಟಾರಿನ ಚರ್ಚೆಯ ಗುಣವನ್ನು ಕಂಡು. ಅದು ಎಂದು ಕೆಟ್ಟಿತು, ಎಷ್ಟು ಮನೆಗೆ ನೀರು ನಿಂತಿತು, ರಿಪೇರಿಗೆ ಹಿಂದಿನ ಸಲ ಎಷ್ಟು ಕೊಟ್ಟಿತ್ತು, ಎಲ್ಲವೂ ಸದಸ್ಯರಿಗೆ ಬಾಯಿಪಾಠ. ಅದೇ ಜನ, ಅದೇ ಮೇಜು. ಮಸೂದೆಯ ವಿಷಯ ಬಂದೊಡನೆ ಊರಿನ ಸಂಗತಿಯೊಂದೂ ನೆನಪಾಗಲಿಲ್ಲ. ದೆಹಲಿಗೆ ಬೇಕಾಗಿದ್ದುದು ಮೋಟಾರಿನ ಚರ್ಚೆಯಲ್ಲಿದ್ದಂಥ ಮಾತು. ಮಸೂದೆಯ ತತ್ತ್ವವನ್ನು ಹೇಳಲು ಅಲ್ಲಿ ವಕೀಲರಿದ್ದಾರೆ, ಪಂಡಿತರಿದ್ದಾರೆ.

ಮೊಳಕಾಲ್ಮೂರಿನ ಮಗ್ಗವನ್ನೇ ತೆಗೆದುಕೊಳ್ಳೋಣ. 1985ರಲ್ಲಿ ಸಂಸತ್ತು ಕೈಮಗ್ಗಕ್ಕಾಗಿ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯನ್ನು ಮಾಡಿತು. ವಿದ್ಯುತ್ ಮಗ್ಗದವರು ಅದನ್ನು ಪ್ರಶ್ನಿಸಿದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮೊದಲು 22 ಬಗೆಗಳಿದ್ದ ಪಟ್ಟಿ 1996ರ ಹೊತ್ತಿಗೆ 11ಕ್ಕೆ ಇಳಿಯಿತು. ಅಂಚು ಸೆರಗುಗಳಲ್ಲಿ ವಿನ್ಯಾಸವಿರುವ ಸೀರೆ ಆ ಪಟ್ಟಿಯಲ್ಲಿ ಇರುತ್ತದೆಯೇ ಇಲ್ಲವೇ ಎಂಬುದರ ಮೇಲೆ ಗುಂಡಿ ಮಗ್ಗದಲ್ಲಿ ಕಾಲಿಳಿಸಿ ಕುಳಿತವನ ಅನ್ನ ನಿಂತಿದೆ. ಪಟ್ಟಿಯಲ್ಲಿ ಸೇರಿಸುವುದಕ್ಕೂ ತೆಗೆಯುವುದಕ್ಕೂ ಸಂಸತ್ತಿನ ಮತ ಬೇಕಿಲ್ಲ. ಸಲಹಾ ಸಮಿತಿಯೊಂದರ ಅಭಿಪ್ರಾಯವನ್ನು ನೋಡಿ ಕೇಂದ್ರ ಸರ್ಕಾರವು ಆಜ್ಞೆ ಹೊರಡಿಸುತ್ತದೆ. ಆದುದರಿಂದ ಮೊಳಕಾಲ್ಮೂರಿನ ಬಿನ್ನಹ “ಕಾಯಿದೆಯನ್ನು ಉಳಿಸಿ” ಎಂದು ಪ್ರಧಾನಮಂತ್ರಿಗಳಿಗೆ ಹೋದರೆ ಅರ್ಧ ಕೆಲಸ. ಆ ಸಮಿತಿಗೆ ಹೋಗಬೇಕು.

ಅದರಲ್ಲಿ ಇರಬೇಕಾದ ಮಾತುಗಳಾದರೂ ಯಾವುವು? ಈ ಊರಿನಲ್ಲಿ ಈ ತಿಂಗಳು ನಡೆಯುತ್ತಿರುವ ಮಗ್ಗಗಳೆಷ್ಟು, ಹತ್ತು ವರ್ಷದ ಹಿಂದೆ ಎಷ್ಟಿದ್ದವು. ಒಂದು ಸೀರೆಗೆ ಎಷ್ಟು ದಿನ, ಎಷ್ಟು ಮಂದಿಯ ಕೈ. ಅದೇ ನಮೂನೆಯ ವಿದ್ಯುತ್ ಮಗ್ಗದ ಸೀರೆ ಪೇಟೆಯಲ್ಲಿ ಯಾವ ಬೆಲೆಗೆ ಸಿಕ್ಕುತ್ತದೆ. ಮೀಸಲನ್ನು ಮುರಿದವರ ಮೇಲೆ ಇಲ್ಲಿ ಎಂದಾದರೂ ಮೊಕದ್ದಮೆ ನಡೆದಿದೆಯೇ. 2017ರಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬಂದ ಶೇಕಡಾ 5ರ ತೆರಿಗೆಯನ್ನು ಹೊತ್ತವನು ಕೊಂಡವನೋ, ವರ್ತಕನೋ, ಅಥವಾ ಕೂಲಿ ಕಡಮೆಯಾದ ನೇಕಾರನೋ. ಇವನ್ನು ಪಟ್ಟಣ ಪಂಚಾಯಿತಿಯ ಸದಸ್ಯರು ಒಂದು ವಾರ ಬೀದಿ ಬೀದಿ ಸುತ್ತಿ ಬರೆದುಕೊಳ್ಳಬಲ್ಲರು. ದೆಹಲಿಯ ಯಾವ ಕಚೇರಿಯೂ ಅಷ್ಟು ಚೆನ್ನಾಗಿ ಬರೆದುಕೊಳ್ಳಲಾರದು. ವಿದ್ಯುತ್ ಮಗ್ಗ ಹಾಕಿಕೊಂಡಿರುವ ನೆರೆಯವನ ಮಾತನ್ನೂ ಕೇಳಿ ಬರೆಯಬೇಕು. ಅವನೂ ಅದೇ ಊರಿನ ಮತದಾರ, ಅವನಿಗೂ ಮಕ್ಕಳಿದ್ದಾರೆ. ಸಭೆ ಒಡೆದು ಮತ ಹಾಕಿದ್ದರೆ ಪರವಾಗಿ ಎಷ್ಟು, ವಿರೋಧವಾಗಿ ಎಷ್ಟು ಎಂಬುದನ್ನು ಮರೆಮಾಚದೆ ಕಾಣಿಸಬೇಕು. ಹುಸಿ ಸರ್ವಾನುಮತಕ್ಕಿಂತ ಹನ್ನೊಂದಕ್ಕೆ ಐದು ಎಂಬ ಎಣಿಕೆಯನ್ನು ಓದುವವರು ಹೆಚ್ಚು ನಂಬುತ್ತಾರೆ.

ವಿಷಯವು “ಇತರೆ” ಎಂಬಲ್ಲಿ ಅಲ್ಲ, ಕಾರ್ಯಸೂಚಿಯ ಒಳಗೆ ಮುಂಚಿತವಾಗಿ ಬರಲಿ; ನೋಟೀಸಿನೊಡನೆ ಮಸೂದೆಯ ಕನ್ನಡ ಸಾರಾಂಶವೊಂದು ಪ್ರತಿ ಸದಸ್ಯರ ಮನೆಗೆ ಹೋಗಲಿ. ನಿರ್ಣಯವು ಮುಖ್ಯಾಧಿಕಾರಿಗಳ ಮೂಲಕ ಜಿಲ್ಲಾಧಿಕಾರಿಗಳಿಗೂ ಸರ್ಕಾರಕ್ಕೂ ಹೋಗುವುದು ವಾಡಿಕೆ. ಒಂದೊಂದು ಪ್ರತಿ, ಆ ಸಭೆಯ ಸದಸ್ಯರೇ ಆದ ಶಾಸಕರ ಮತ್ತು ಸಂಸದರ ಕೈಗೂ ಸೇರಲಿ, ಅವರು ಅಂದು ಬಂದಿರಲಿ, ಬಾರದಿರಲಿ. ಮೂರು ತಿಂಗಳು ಕಳೆದ ಮೇಲೆ ಇದೇ ವಿಷಯ ಮತ್ತೆ ಕಾರ್ಯಸೂಚಿಗೆ ಬರಬೇಕು: ಕಾಗದ ಎಲ್ಲಿಗೆ ಮುಟ್ಟಿತು, ಯಾರಿಂದ ಉತ್ತರ ಬಂದಿತು. ಉತ್ತರ ಬಂದಿದ್ದರೆ ಸಭೆಯಲ್ಲಿ ಓದಿಸಿ ನಡವಳಿಯ ಪುಸ್ತಕದಲ್ಲಿ ಬರೆಯಿಸುವುದು. ಬಂದಿಲ್ಲದಿದ್ದರೆ, ಬಂದಿಲ್ಲವೆಂದು ತಾರೀಖು ಹಾಕಿ ಬರೆಯಿಸುವುದು.