ದುರಸ್ತಿಯ ವಿವೇಕ: ಹಳೆಯ ಸೈಕಲ್ಲಿನ ಪುನರುಜ್ಜೀವನ

(ಕಳಸಾಪುರದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗದಗ ಸೀಮೆಯ ಹಳೆಯ ಮನೆಗಳಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಲಿನ ಗೋಡೆಗೋ ಒರಗಿದ ಕಪ್ಪು ಬಣ್ಣದ ಎತ್ತರದ ಸೈಕಲ್ಲೊಂದು ಇಂದಿಗೂ ಕಾಣಸಿಗುವುದುಂಟು. ಟೈರು ಸೀಳಿದೆ, ಚೈನು ತುಕ್ಕು ಹಿಡಿದು ಬಿಗಿದಿದೆ, ಸೀಟಿನ ಚರ್ಮ ಒಣಗಿ ಬಿರಿದಿದೆ. ಗುಜರಿಯವನು ಬಂದು ತೂಕಕ್ಕೆ ಒಯ್ಯುವ ದಿನಕ್ಕಾಗಿ ಅದು ಕಾದು ನಿಂತಂತಿರುತ್ತದೆ. ಆ ಸೈಕಲ್ಲನ್ನು ಮತ್ತೆ ರಸ್ತೆಗೆ ತರುವುದು ಹೇಗೆ, ದೂರದ ಪಯಣಕ್ಕೂ ಗುಡ್ಡದ ದಾರಿಗೂ ಅದನ್ನು ಅಣಿಗೊಳಿಸುವುದು ಹೇಗೆ, ಹಾಗೆ ಮಾಡುವುದರಲ್ಲಿ ಈ ನೆಲಕ್ಕೆ ಸಂಬಂಧಿಸಿದ ವಿವೇಕ ಯಾವುದು ಎಂಬುದೇ ಇಂದಿನ ವಿಷಯ.

ಯಂತ್ರದ ಕುಲಗೋತ್ರ

ಎರಡು ಸಮಗಾತ್ರದ ಚಕ್ರಗಳ, ಚೈನಿನಿಂದ ಓಡುವ ಸೈಕಲ್ಲು ಇಂಗ್ಲೆಂಡಿನಲ್ಲಿ ರೂಪ ತಳೆದದ್ದು 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿಯ 'ರೋವರ್' ಯಂತ್ರದಿಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನು. ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಂಪನಿ ಕಚ್ಚಾ ರಸ್ತೆಗಳಿಗೆಂದು ಮಾಡಿದ 28 ಇಂಚಿನ ಚಕ್ರದ ದೊಡ್ಡ ಸೈಕಲ್ಲಿಗೆ 'ಟೂರಿಸ್ಟ್' ಎಂದೇ ಹೆಸರಿತ್ತು. ಸ್ವಾತಂತ್ರ್ಯಾನಂತರ ಆಸನ್‌ಸೋಲಿನಲ್ಲಿ ಸೆನ್-ರ್‍ಯಾಲಿ, ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಸೋನಿಪತ್ತಿನಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ ಹೀರೊ ಮುಂತಾದ ಸೈಕಲ್ಲುಗಳು ಅದೇ ಮಾದರಿಯಲ್ಲಿ ತಯಾರಾಗಿ ಹಳ್ಳಿಹಳ್ಳಿಗೂ ತಲುಪಿದವು.

ಈ ಯಂತ್ರ ದೂರ ಪಯಣಕ್ಕೆ ಒಗ್ಗುವುದಿಲ್ಲವೆಂಬ ಭಾವನೆ ತಪ್ಪು. 1923ರಲ್ಲಿ ಮುಂಬಯಿಯಿಂದ ಸೈಕಲ್ಲೇರಿ ಹೊರಟ ತಂಡದ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗಾರಾ ಎಂಬ ಮೂವರು ತರುಣರು ಜಗತ್ತನ್ನು ಸುತ್ತಿ 1928ರಲ್ಲಿ ಮರಳಿದರು. ಸುಮಾರು 71,000 ಕಿ.ಮೀ. ದಾರಿ ಅದು. ದಾರಿಯುದ್ದಕ್ಕೂ ಕಂಪನಿಯ ಕಾರ್ಯಾಗಾರ ಕಾದಿರಲಿಲ್ಲ. ತನ್ನನ್ನು ಏರಿದವನೇ ಬಿಚ್ಚಿ ಕಟ್ಟಬಲ್ಲ ಸರಳತೆ ಈ ಯಂತ್ರದ ಮುಖ್ಯ ಗುಣ. ಒಂದೆರಡು ಪಾನಾ, ಸುತ್ತಿಗೆ, ಪಂಪು, ಒಂದಿಷ್ಟು ಎಣ್ಣೆ ಇದ್ದರೆ ಬಹುತೇಕ ಕೆಲಸ ನಡೆದೀತು.

ಗುಡ್ಡಕ್ಕೂ ಸೈಕಲ್ಲಿಗೂ ಏನು ನಂಟು?

ಗದುಗಿನ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಹಬ್ಬಿದ ಕಪ್ಪತಗುಡ್ಡದ ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಅದಿರುಗಳಿವೆ. ಮೇಲೆ ಔಷಧಿ ಸಸ್ಯಗಳ ಸಿರಿಯಿದೆ. ಈ ಎರಡರ ನಡುವಿನ ಜಗ್ಗಾಟವೇ ಗುಡ್ಡದ ಇತ್ತೀಚಿನ ಚರಿತ್ರೆ. 2015ರ ಕೊನೆಯಲ್ಲಿ ಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ದೊರೆಯಿತು, 2016ರಲ್ಲಿ ಅದನ್ನು ಹಿಂಪಡೆಯಲಾಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೂ ಜೊತೆಗೂಡಿದ ಜನಹೋರಾಟದ ಫಲವಾಗಿ 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾಯಿತು.

ಹಳೆಯ ಸೈಕಲ್ಲಿನ ತೂಕ ಸುಮಾರು 20 ಕಿಲೋ, ಬಹುಪಾಲು ಉಕ್ಕು. ಒಂದು ಸೈಕಲ್ಲನ್ನು ಉಳಿಸಿದ ಮಾತ್ರಕ್ಕೆ ಗುಡ್ಡ ಉಳಿಯುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು. ಗುಜರಿಗೆ ಹೋದ ಉಕ್ಕೂ ಕುಲುಮೆಯಲ್ಲಿ ಕರಗಿ ಮತ್ತೆ ಉಕ್ಕಾಗುತ್ತದೆ. ಆದರೆ ಕರಗಿದ ಮೇಲೆ ಮರಳಿ ಬಾರದ್ದು ಒಂದಿದೆ: ಆ ಉಕ್ಕಿಗೆ ರೂಪ ಕೊಟ್ಟ ದುಡಿಮೆ ಮತ್ತು ಅದನ್ನು ಸರಿಪಡಿಸಬಲ್ಲ ಊರಿನ ಜ್ಞಾನ. ಕೆಟ್ಟದ್ದನ್ನು ಎಸೆದು ಹೊಸದನ್ನು ಕೊಳ್ಳುವ ರೂಢಿ ಬಲಿತಂತೆಲ್ಲ ಅದಿರಿನ ಹಸಿವೂ ಬಲಿಯುತ್ತದೆ. ಗುಡ್ಡವನ್ನು ಅಗೆಯಬೇಡಿರೆಂದು ಕೇಳುವ ಸಮಾಜ, ಈಗಾಗಲೇ ಅಗೆದು ತಂದದ್ದನ್ನು ಎಷ್ಟು ಕಾಲ ಬಾಳಿಸುತ್ತದೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ಬಿಚ್ಚುವ ಮೊದಲು ನೋಡುವುದು

ಪಾನಾ ಹಿಡಿಯುವ ಮೊದಲು ಸೈಕಲ್ಲನ್ನು ಓದಬೇಕು. ಹ್ಯಾಂಡಲ್ಲಿನ ಕೆಳಗಿನ ಲಾಂಛನ, ಸೀಟಿನ ಕೆಳಗೋ ಪೆಡಲಿನ ಬಳಿಯೋ ಒತ್ತಿದ ಸಂಖ್ಯೆ, ಮಾರಿದ ಅಂಗಡಿಯ ತಗಡು, ಹಿಂದೆ ಪುರಸಭೆಗಳು ಸೈಕಲ್ ತೆರಿಗೆ ಪಡೆದು ಕೊಡುತ್ತಿದ್ದ ಲೈಸೆನ್ಸಿನ ಬಿಲ್ಲೆ ಇವೆಲ್ಲ ಅದರ ಜಾತಕ. ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದ್ದರೆ, ಅದರ ಮೈಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳು ಸಾಮಾನ್ಯವಾಗಿ ಒತ್ತಿರುತ್ತವೆ. ಸೈಕಲ್ಲಿನ ವಯಸ್ಸನ್ನು ಅದರಿಂದ ಅಂದಾಜು ಮಾಡಬಹುದು.

ಬಳಿಕ ಚೌಕಟ್ಟಿನ ಪರೀಕ್ಷೆ. ಕೊಳವೆಗಳು ಕೂಡುವ ಕೀಲುಗಳಲ್ಲಿ, ಮುಂದಿನ ಫೋರ್ಕಿನ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಬೇಕು. ಚೌಕಟ್ಟು ಸೊಟ್ಟಗಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಕೂಡುವ ಒಂದು ತುದಿಗೆ ದಾರ ಕಟ್ಟಿ, ಹ್ಯಾಂಡಲ್ ಕೂಡುವ ಮುಂದಿನ ಕೊಳವೆಯನ್ನು ಬಳಸಿ, ಇನ್ನೊಂದು ತುದಿಗೆ ಎಳೆದು ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿಗೆ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ. ಬಿರುಕು ಕಂಡರೆ ಕರೆಂಟಿನ ವೆಲ್ಡಿಂಗ್ ಮಾಡಿಸುವುದು ಸಲ್ಲ. ತೆಳುವಾದ ಕೊಳವೆ ಸುಟ್ಟು ದುರ್ಬಲವಾಗುತ್ತದೆ. ಈ ಚೌಕಟ್ಟುಗಳನ್ನು ಕೂಡಿಸಿದ್ದು ಹಿತ್ತಾಳೆ ಬೆಸುಗೆಯಿಂದ, ಆದ್ದರಿಂದ ಅದನ್ನು ಬಲ್ಲವರನ್ನೇ ಹುಡುಕಬೇಕು.

ಓವರಾಯ್ಲಿಂಗ್ ಎಂಬ ಪಾಠ

ತುಕ್ಕು ಹಿಡಿದ ನಟ್ಟುಗಳಿಗೆ ಬಲಕ್ಕಿಂತ ತಾಳ್ಮೆ ಮದ್ದು. ಸೀಮೆಎಣ್ಣೆ ಬೆರೆಸಿದ ಯಂತ್ರದ ಎಣ್ಣೆ ಹಾಕಿ ಎರಡು ಮೂರು ದಿನ ಬಿಟ್ಟರೆ ಹೆಚ್ಚಿನವು ಸಡಿಲುತ್ತವೆ. ಪೆಡಲ್ ಕೋಲನ್ನು ಹಿಡಿದಿರುವ ಕಾಟರ್ ಪಿನ್ನನ್ನು ತೆಗೆಯುವಾಗ ಕೆಳಗಿನಿಂದ ಗಟ್ಟಿ ಕೊಳವೆಯೊಂದನ್ನು ಆಸರೆ ಕೊಟ್ಟು ಹೊಡೆಯಬೇಕು. ಆಸರೆಯಿಲ್ಲದೆ ಹೊಡೆದರೆ ಪೆಟ್ಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಗುಂಡುಗಳನ್ನು ತೆಗೆಯುವಾಗ ಯಾವ ಬದಿಗೆ ಎಷ್ಟಿದ್ದವೆಂದು ಎಣಿಸಿ ಬರೆದಿಡಬೇಕು. ಸವೆದ ಗುಂಡುಗಳ ಜೊತೆ ಹೊಸವನ್ನು ಬೆರೆಸದೆ ಇಡೀ ಕಟ್ಟನ್ನೇ ಬದಲಿಸಬೇಕು. ಜೋಡಣೆ ಸರಿಯಾಯಿತೇ ಎಂಬುದಕ್ಕೆ ಹಳೆಯ ಪರೀಕ್ಷೆಯೊಂದಿದೆ: ಮುಂದಿನ ಚಕ್ರವನ್ನು ಎತ್ತಿ ಬಿಟ್ಟರೆ, ವಾಲ್ವಿನ ಭಾರಕ್ಕೇ ಅದು ನಿಧಾನವಾಗಿ ತಿರುಗಿ ವಾಲ್ವು ಕೆಳಗೆ ಬಂದು ನಿಲ್ಲಬೇಕು.

ಮೂರು ಗೇರಿನ ಹಬ್ಬಿಗೆ ತೆಳುವಾದ ಯಂತ್ರದ ಎಣ್ಣೆ ಬೇಕು. ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಅಥವಾ ಅಗಸಿ ಎಣ್ಣೆ ಸುರಿಯಬಾರದು. ಅವು ಗಾಳಿಗೆ ಒಣಗಿ ಗೋಂದಿನಂತಾಗಿ ಒಳಗಿನ ಸೂಕ್ಷ್ಮ ಭಾಗಗಳನ್ನು ಹಿಡಿದುಬಿಡುತ್ತವೆ. ರ್‍ಯಾಲಿ ಕಂಪನಿಯ ಹಳೆಯ ಚೌಕಟ್ಟುಗಳ ಮರೆಗಳು ಇಂಚಿಗೆ 26, ಬೇರೆ ಬಹುತೇಕ ಸೈಕಲ್ಲುಗಳವು 24. ಒಂದರ ಭಾಗವನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಎರಡೂ ಹಾಳು.

ಬಣ್ಣದ ವಿಷಯದಲ್ಲಿ ಎರಡು ಎಚ್ಚರಗಳು. ಮೊದಲನೆಯದು, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದೇ 2017ರಲ್ಲಿ. ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜಬೇಕು. ಮಕ್ಕಳು ದೂರವಿರಬೇಕು. ತೊಳೆದ ಸೀಮೆಎಣ್ಣೆ, ಕೊಳೆಯಾದ ಎಣ್ಣೆ ಕೆರೆಗೋ ಹೊಲಕ್ಕೋ ಸೇರಕೂಡದು. ಅದನ್ನು ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಒಪ್ಪಿಸಬೇಕು. ಎರಡನೆಯದು, ಅಸಲು ಬಣ್ಣವೂ ಬಂಗಾರದ ಗೆರೆಗಳೂ ಅರ್ಧದಷ್ಟಾದರೂ ಉಳಿದಿದ್ದರೆ ಅವನ್ನು ಕೆರೆದು ಹೊಸದು ಬಳಿಯದಿರುವುದೇ ಲೇಸು. ಒದ್ದೆ ಬಟ್ಟೆಯಿಂದ ಒರೆಸಿ, ಮೇಣ ತೀಡಿದರೆ ಸಾಕು. ಹೊಸ ಬಣ್ಣವನ್ನು ಎಂದಾದರೂ ಬಳಿಯಬಹುದು, ಕೆರೆದುಹೋದ ಅಸಲು ಬಣ್ಣ ಮಾತ್ರ ಮರಳಿ ಬರುವುದಿಲ್ಲ.

ನೆಲಕ್ಕೆ ತಕ್ಕಂತೆ, ದೇಹಕ್ಕೆ ತಕ್ಕಂತೆ

ಸೈಕಲ್ಲನ್ನು ತನ್ನದಾಗಿಸಿಕೊಳ್ಳುವುದೆಂದರೆ ರಿಬ್ಬನ್ನು ಕಟ್ಟಿ ಸಿಂಗರಿಸುವುದಷ್ಟೇ ಅಲ್ಲ. ಸವಾರನ ದೇಹ ಮತ್ತು ಓಡಬೇಕಾದ ನೆಲ ಇವೆರಡೂ ಕೇಳುವ ಬದಲಾವಣೆಗಳನ್ನು ಮಾಡುವುದೇ ನಿಜವಾದ ಸ್ವಂತಿಕೆ.

ಕಳಸಾಪುರದ ಸುತ್ತಿನ ಹಾದಿಗಳು ಮೊದಲು ಕೇಳುವುದು ಗೇರನ್ನು. ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಸಾಗುತ್ತದೆ. ಬಯಲಿಗೆ ಇದು ಸರಿ. ಆದರೆ ಗುಡ್ಡದ ಏರಿನಲ್ಲಿ ಅಥವಾ ಮುಂಗಾರಿನ ಎದುರುಗಾಳಿಯಲ್ಲಿ ಮೊಣಕಾಲು ಸೋಲುತ್ತದೆ. ಈ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದೇ ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ ಒಂದು ಸುತ್ತಿಗೆ ನಾಲ್ಕೂವರೆ ಮೀಟರು. ವೇಗ ಕೊಂಚ ತಗ್ಗುತ್ತದೆ, ತುಳಿಯುವ ಶ್ರಮ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ದೂರ ಪಯಣದ ಸೈಕಲ್ಲಿಗೆ ಹಲವು ಗೇರುಗಳು ಬೇಕೆಂದು ಫ್ರಾನ್ಸಿನಲ್ಲಿ ಜೀವನಪೂರ್ತಿ ವಾದಿಸಿದ ಪಾಲ್ ದ ವಿವೀ (1853–1930) ಕೂಡ ಗುಡ್ಡಗಾಡಿನಲ್ಲೇ ಸೈಕಲ್ ತುಳಿದವನು. ಗೇರು ಬದಲಿಸುವುದು ದುರ್ಬಲರ ಲಕ್ಷಣವೆಂದು ಆಗ ಅನೇಕರು ಹೀಗಳೆಯುತ್ತಿದ್ದರು. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ದೊರೆತದ್ದು 1937ರಲ್ಲಿ.

ಎರಡನೆಯದು ಮಣ್ಣು. ಮಳೆಯಲ್ಲಿ ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಆದ್ದರಿಂದ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳಿನ ಅಂತರವಾದರೂ ಇರಬೇಕು. ಚೈನನ್ನು ಪೂರ್ತಿ ಮುಚ್ಚುವ ಹಳೆಯ ತಗಡಿನ ಹೊದಿಕೆಯನ್ನು ಭಾರವೆಂದು ಕಿತ್ತೊಗೆಯಬಾರದು. ಬೇಸಿಗೆಯ ಧೂಳಿನಿಂದ ಚೈನನ್ನು ಕಾಯುವುದು ಅದೇ. ಜಾಲಿ ಮುಳ್ಳಿಗೆ ಹಳೆಯ ಟ್ಯೂಬನ್ನು ಸೀಳಿ ಟೈರಿನ ಒಳಗೆ ಹಾಸುವ ಊರಿನ ಉಪಾಯವೇ ಸಾಕು. 28 ಇಂಚಿನ ಟೈರು ಎಷ್ಟೋ ದೇಶಗಳಲ್ಲಿ ಅಪರೂಪವಾಗಿದೆ. ಭಾರತದ ಸಣ್ಣ ಪಟ್ಟಣಗಳಲ್ಲಿ ಅದು ಇಂದಿಗೂ ಸಿಗುತ್ತದೆ. ಹಾಗಾಗಿ ಆಧುನಿಕವಾಗಿ ಕಾಣಲೆಂದು ಚಕ್ರದ ಗಾತ್ರ ಬದಲಿಸುವುದು ಅವಿವೇಕ.

ಮೂರನೆಯದು ಸುರಕ್ಷತೆ. ಇಲ್ಲಿ ಹಳೆಯದರ ಮೋಹ ಹಿಂದೆ ಸರಿಯಬೇಕು. ಸರಳು ಬ್ರೇಕಿನ ಸೈಕಲ್ಲಿನಲ್ಲಿ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಅರ್ಧವೂ ಹಿಡಿಯುವುದಿಲ್ಲ. ಗುಡ್ಡ ಇಳಿಯುವಾಗ ಎರಡೂ ಬ್ರೇಕುಗಳನ್ನು ಮೊದಲಿನಿಂದಲೇ ಹಿಡಿಯಬೇಕು. ಮಳೆಯಲ್ಲಿ ಕಡಿದಾದ ಇಳಿಜಾರು ಬಂದರೆ ಇಳಿದು ನಡೆಯುವುದೇ ಕ್ಷೇಮ. ಬ್ರೇಕಿನ ರಬ್ಬರು ಹೊಸದಾಗಿರಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು. ಹಳೆಯ ಡೈನಮೊ ದೀಪದ ಬುರುಡೆಯನ್ನು ಹಾಗೆಯೇ ಉಳಿಸಿ ಒಳಗೆ ಎಲ್‌ಇಡಿ ಬಲ್ಬು ಕೂರಿಸಿದರೆ ರೂಪವೂ ಉಳಿಯುತ್ತದೆ, ಬೆಳಕೂ ಹೆಚ್ಚುತ್ತದೆ.

ಉಳಿದದ್ದು ಸವಾರನ ಅನುಕೂಲ. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗುವಷ್ಟು ಸೀಟಿನ ಎತ್ತರವಿರಬೇಕು. ಒಡೆದ ಸೀಟಿನ ಮೇಲೆ ಕುರಿ ಉಣ್ಣೆಯ ಕಂಬಳಿಯ ತುಂಡನ್ನು ಮಡಿಸಿ ಕಟ್ಟಬಹುದು. ದಪ್ಪ ಖಾದಿಯಲ್ಲಿ ಊರಿನ ಸಿಂಪಿಗರೇ ಹೊಲಿದ ಜೋಡಿಚೀಲವನ್ನು ಕ್ಯಾರಿಯರಿನ ಎರಡೂ ಬದಿಗೆ ತೂಗಹಾಕಬಹುದು. ಭಾರ ಎತ್ತರದಲ್ಲಿದ್ದಷ್ಟೂ ಸೈಕಲ್ಲು ತೂರಾಡುತ್ತದೆ, ಕೆಳಗಿದ್ದಷ್ಟೂ ಸ್ಥಿರವಾಗುತ್ತದೆ.

ಪಯಣ ಹೊರಟವರು ಗುಡ್ಡವೀಗ ವನ್ಯಜೀವಿಧಾಮವೆಂಬುದನ್ನು ಮರೆಯಬಾರದು. ಸಾರ್ವಜನಿಕ ರಸ್ತೆ ಬಿಟ್ಟು ಕಾಡಿನೊಳಗೆ ಚಕ್ರ ಹೊರಳಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯ ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು.

ಉಳಿಸಬೇಕಾದದ್ದು ಯಾವುದು?

ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಾರ್ಖಾನೆ 2002ರಲ್ಲಿ ಮುಚ್ಚಿತು. ಅಟ್ಲಾಸಿನ ಕೊನೆಯ ಘಟಕದಲ್ಲಿ 2020ರ ಜೂನಿನಲ್ಲಿ ಕೆಲಸ ನಿಂತಿತು. ಕಾರ್ಖಾನೆಗಳು ನಿಂತ ಮೇಲೂ ಅವು ಮಾಡಿದ ಸೈಕಲ್ಲುಗಳು ಓಡುತ್ತಿರುವುದು ಊರೂರಿನ ಸೈಕಲ್ ಶಾಪಿನವರ ಕೈಗುಣದಿಂದ. ಕಡ್ಡಿಗಳನ್ನು ಬಿಗಿಸಿ ಸಡಿಲಿಸಿ ಚಕ್ರದ ಬೆಂಡು ತೆಗೆಯುವಾಗ ಅವರು ಅಳತೆಗೋಲು ಹಿಡಿಯುವುದಿಲ್ಲ. ಕಡ್ಡಿಯನ್ನು ಮೀಟಿ ಸದ್ದಿನಿಂದಲೇ ಬಿಗಿಯನ್ನು ಅರಿಯುತ್ತಾರೆ. ಈ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಮೋಟಾರ್ ಸೈಕಲ್ಲುಗಳ ಭರಾಟೆಯಲ್ಲಿ ಅಂತಹ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಗುರು ಇದ್ದಾನೆ, ಶಿಷ್ಯರಿಲ್ಲ.

ಕರ್ನಾಟಕ ಸರ್ಕಾರ 2006-07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಶಾಲೆಯ ದೂರ ಕಡಿಮೆಯಾಯಿತು. ಸೈಕಲ್ಲು ಕೈಗೆ ಬಂತು, ಅದನ್ನು ಬಿಚ್ಚಿ ಕಟ್ಟುವ ವಿದ್ಯೆ ಜೊತೆಗೆ ಬರಲಿಲ್ಲ. ಆ ಕೊರತೆಯನ್ನು ತುಂಬುವುದು ಊರಿಗೆ ಅಸಾಧ್ಯವೇನಲ್ಲ. ಶಾಲೆಗೊಂದು ಪಾನಾದ ಕಟ್ಟು, ವಾರಕ್ಕೊಂದು ಸಂಜೆ, ಊರಿನ ಹಿರಿಯ ಮೇಸ್ತ್ರಿಗೆ ಗುರುವಿನ ಸ್ಥಾನ ಮತ್ತು ತಕ್ಕ ಸಂಭಾವನೆ, ಬಿಚ್ಚಿ ಕಲಿಯಲು ಕೊಟ್ಟಿಗೆಯ ಒಂದು ಹಳೆಯ ಸೈಕಲ್ಲು ಇಷ್ಟಿದ್ದರೆ ಪಾಠ ಶುರುವಾಗುತ್ತದೆ.

1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಸಹಕಾರಿ ಸಂಘ ದೇಶದ ಸಹಕಾರ ಚಳವಳಿಯ ಮೊದಮೊದಲ ಹೆಜ್ಜೆಗಳಲ್ಲಿ ಒಂದಾಯಿತು. ಒಬ್ಬೊಬ್ಬರಿಗೆ ಭಾರವಾದದ್ದು ಹತ್ತು ಜನ ಕೂಡಿದರೆ ಹಗುರಾಗುತ್ತದೆಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ. ದುರಸ್ತಿಯ ವಿದ್ಯೆಯನ್ನೂ ಹಾಗೆಯೇ ಕೂಡಿ ಕಾಯಬಹುದು. ಗುಜರಿಯ ಬಂಡಿ ಓಣಿಗೆ ಬರುವ ಮೊದಲು, ಪ್ರತಿ ಮನೆಯವರೂ ಕೊಟ್ಟಿಗೆಯ ಬಾಗಿಲು ತೆರೆದು ಒಮ್ಮೆ ನೋಡಲಿ, ವಿದ್ಯಾರ್ಥಿಗಳು ದಾರವೊಂದನ್ನು ಹಿಡಿದು ಚೌಕಟ್ಟು ನೆಟ್ಟಗಿದೆಯೇ ಎಂದು ಅಳೆದು ನೋಡಲಿ. ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.