ಮನೆ ನೋಡುವ ಮೊದಲು ಬೀದಿ ನೋಡಿ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಮುಂಬಯಿಗೆ ಬಂದ ನಾವು ಮನೆ ಕಟ್ಟುವುದಿಲ್ಲ, ಕೊಳ್ಳುತ್ತೇವೆ. ಕಟ್ಟುವವನು ಬಿಲ್ಡರ್, ತೋರಿಸುವವನು ಏಜೆಂಟ್, ಸಾಲ ಕೊಡುವುದು ಬ್ಯಾಂಕು. ನಮ್ಮ ಪಾಲಿಗೆ ಉಳಿಯುವುದು ಆಯ್ಕೆಯೊಂದೇ. ಆಗ ನಮ್ಮಲ್ಲಿ ಹೆಚ್ಚಿನವರು ನೋಡುವುದೇನು? ಹಾಲ್ ಎಷ್ಟು ದೊಡ್ಡದು, ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಕಿದ್ದಾರೆಯೇ, ದೇವರ ಪಟ ಇಡಲು ಪೂರ್ವದಿಕ್ಕು ಸಿಗುತ್ತದೆಯೇ ಎಂದು. ನೋಡಬೇಕಾದದ್ದೇ. ಆದರೆ ಗ್ರಾನೈಟನ್ನು ನಾಳೆ ಬದಲಾಯಿಸಬಹುದು. ಮನೆಯ ಮುಂದಿನ ಬೀದಿಯನ್ನು ಬದಲಾಯಿಸಲು ನಮ್ಮಿಂದಾಗದು. ಇಪ್ಪತ್ತು ವರ್ಷ ಕಂತು ಕಟ್ಟುವುದು ಗೋಡೆಗಳಿಗಷ್ಟೇ ಅಲ್ಲ, ಆ ಬೀದಿಗೂ ಸೇರಿಸಿ.

ಸಂಸಾರಸ್ಥರಿಗೆ ಯಾವ ಪರಿಸರ ಒಳ್ಳೆಯದು? ಇದಕ್ಕೆ ನನ್ನದು ಒಂದೇ ಅಳತೆಗೋಲು. ನಿಮ್ಮ ಮನೆಯ ಅತ್ಯಂತ ಹಿರಿಯರು ಮತ್ತು ಹತ್ತು ವರ್ಷದ ಮಗು, ಇವರಿಬ್ಬರೂ ಯಾರ ಜೊತೆಯೂ ಇಲ್ಲದೆ ಕೆಳಗಿಳಿದು, ತಮಗೆ ಬೇಕಾದಲ್ಲಿಗೆ ನಡೆದು ಹೋಗಿ, ಕ್ಷೇಮವಾಗಿ ಮರಳಬಲ್ಲರೇ? ಬಲ್ಲರು ಎಂದಾದರೆ ಅದು ಸಂಸಾರ ಹೂಡಲು ತಕ್ಕ ಜಾಗ.

ಹಿರಿಯರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ. ತಂದೆ ತೀರಿಕೊಂಡ ಮೇಲೆ ಮಗ ಊರಿನಿಂದ ತಾಯಿಯನ್ನು ಕರೆತರುತ್ತಾನೆ. ಆಕೆಗೆ ಬರುವುದು ಕನ್ನಡ, ಇಲ್ಲವೇ ತುಳು. ಹಿಂದಿ, ಮರಾಠಿ ಬಾರದು. ಹದಿನಾಲ್ಕನೆಯ ಮಹಡಿ. ಮಗ, ಸೊಸೆ ಬೆಳಿಗ್ಗೆ ಏಳೂವರೆಗೆ ಹೊರಟರೆ ಮರಳುವುದು ರಾತ್ರಿ ಎಂಟೂವರೆಗೆ. ಗೇಟಿನ ಹೊರಗೆ ನಾಲ್ಕು ಸಾಲು ವಾಹನ ಓಡುವ ಹೆದ್ದಾರಿ, ದಾಟಲು ಸಿಗ್ನಲ್ ಇಲ್ಲ. ಮನೆ ಅಮೃತಶಿಲೆಯದೇ ಇರಬಹುದು, ಆ ತಾಯಿಗೆ ಮಾತ್ರ ಅದು ಬೀಗ ಹಾಕಿದ ಕೋಣೆ. ಆರು ತಿಂಗಳಲ್ಲಿ 'ನನ್ನನ್ನು ಊರಿಗೆ ಕಳಿಸಿಬಿಡು ಮಗಾ' ಎನ್ನುತ್ತಾಳೆ. ಸೊಸೆಯ ಮೇಲೆ ಅಪವಾದ ಬರುತ್ತದೆ. ನಿಜವಾದ ಅಪರಾಧಿ ಆ ರಸ್ತೆ.

ಇದಕ್ಕೆ ವ್ಯತಿರಿಕ್ತವಾಗಿ ಮಾಟುಂಗವನ್ನು ನೋಡಿ. ನಮ್ಮವರಿಗೆ ಮಾಟುಂಗ ಎಂದರೆ ಮೈಸೂರು ಅಸೋಸಿಯೇಷನ್, ಉಡುಪಿ ಹೋಟೆಲು, ಮಲ್ಲಿಗೆ ಮಾಲೆ, ಬಾಳೆ ಎಲೆ. ಆದರೆ ಅದು ತಾನಾಗಿ ಬೆಳೆದ ಪೇಟೆಯಲ್ಲ. 1896ರಲ್ಲಿ ಈ ನಗರಕ್ಕೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಗಾಳಿ ಬೆಳಕಿಲ್ಲದ ವಸತಿಯೇ ರೋಗದ ಬೇರು ಎಂದು ಬಗೆದ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ದಾದರ್-ಮಾಟುಂಗದ ಬಡಾವಣೆ ಆ ಟ್ರಸ್ಟಿನ ಕೆಲಸ. ರಸ್ತೆಯ ಅಗಲ, ಮರದ ಸಾಲು, ಉದ್ಯಾನಗಳನ್ನು ಮೊದಲು ಗುರುತಿಸಿ, ಆಮೇಲೆ ಮನೆಗಳಿಗೆ ಜಾಗ ಕೊಟ್ಟರು. ಅದಕ್ಕೇ ಇಂದಿಗೂ ಅಲ್ಲಿನ ಅಜ್ಜ ಅಜ್ಜಿಯರು ಕೈಚೀಲ ಹಿಡಿದು ತರಕಾರಿಗೆ, ದೇವಸ್ಥಾನಕ್ಕೆ ನಡೆದೇ ಹೋಗುತ್ತಾರೆ.

ಮಾಟುಂಗದ ಬೆಲೆ ನಮ್ಮ ಕೈಗೆಟುಕದು ಎಂದು ನೀವು ನಗಬಹುದು. ನಿಜವೇ. ಮಾಟುಂಗದಲ್ಲಿ ಮನೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಡೊಂಬಿವಲಿ, ಮೀರಾ ರೋಡ್, ಭಾಂಡುಪ್, ನವಿ ಮುಂಬಯಿ, ಎಲ್ಲಿಯೇ ನೋಡಿ, ಮಾಟುಂಗದ ಈ ಗುಣ ಅಲ್ಲಿ ಎಷ್ಟಿದೆ ಎಂದು ಹುಡುಕಿ. ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಕಿರಾಣಿ ಅಂಗಡಿ, ತರಕಾರಿ, ಔಷಧಿ ಅಂಗಡಿ, ಒಬ್ಬ ಡಾಕ್ಟರು, ಕುಳಿತುಕೊಳ್ಳಲು ಬೆಂಚಿರುವ ಒಂದು ಉದ್ಯಾನ, ಮಗುವಿಗೆ ಶಾಲೆ, ಇಷ್ಟು ಇದ್ದರೆ ಸಾಕು. ಶಿಕ್ಷಣ ಹಕ್ಕು ಕಾಯಿದೆಯ ಕೇಂದ್ರ ನಿಯಮಗಳು ಕೂಡ ಐದನೆಯ ತರಗತಿವರೆಗಿನ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು ಎನ್ನುತ್ತವೆ. ಮಗುವಿನ ಕಾಲಿಗೆ ಅದೇ ಸರಿಯಾದ ದೂರ.

ಇನ್ನು ದುಡಿಯುವವರ ಸಮಯದ ಲೆಕ್ಕ. ದೂರ ಹೋದಷ್ಟೂ ಮನೆ ದೊಡ್ಡದಾಗಿ ಸಿಗುತ್ತದೆ. ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ ಬೇಕು ಎಂದಿಟ್ಟುಕೊಳ್ಳಿ. ಇನ್ನೊಂದು ಕಡೆ ಚಿಕ್ಕ ಮನೆ, ಆದರೆ ಒಂದೂವರೆ ಗಂಟೆ ಸಾಕು. ವ್ಯತ್ಯಾಸ ದಿನಕ್ಕೆ ಎರಡು ಗಂಟೆ, 25 ದಿನಕ್ಕೆ 50 ಗಂಟೆ. ದೊಡ್ಡ ಮನೆಯ ಆ ಹೆಚ್ಚುವರಿ ಕೋಣೆಗೆ ನೀವು ತೆರುವ ನಿಜವಾದ ಬಾಡಿಗೆ ಅದು. ಮಗುವಿನ ಪಾಠ ನೋಡುವ ಸಮಯ, ತಾಯಿಯ ಜೊತೆ ಕುಳಿತು ಉಣ್ಣುವ ಸಮಯ, ಎಲ್ಲ ಅದರಲ್ಲೇ ಹೋಗುತ್ತದೆ. ಕೊಡಲು ಮನಸ್ಸಿದ್ದರೆ ಕೊಡಿ, ಲೆಕ್ಕ ಹಾಕಿ ಕೊಡಿ.

'ಇನ್ನೆರಡು ವರ್ಷಕ್ಕೆ ಮೆಟ್ರೋ ಬರುತ್ತದೆ ಸಾರ್' ಎಂದು ಏಜೆಂಟ್ ಹೇಳಿಯೇ ಹೇಳುತ್ತಾನೆ. ಮೆಟ್ರೋ ಬರುತ್ತದೆ, ಸುಳ್ಳಲ್ಲ. ಆದರೆ ಮೂರನೇ ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2014ರಲ್ಲಿ, ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡಿದ್ದು 2025ರ ಅಕ್ಟೋಬರಿನಲ್ಲಿ. 2014ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಹನ್ನೆರಡನೇ ತರಗತಿಗೆ ಬಂದಿತ್ತು! ಆದ್ದರಿಂದ ಇಂದು ಓಡುತ್ತಿರುವ ಲೋಕಲ್, ಬೆಸ್ಟ್ ಬಸ್ಸು ನೋಡಿ ಮನೆ ಕೊಳ್ಳಿ. ಮೆಟ್ರೋ ಬಂದರೆ ಲಾಭವೆಂದುಕೊಳ್ಳಿ.

ಈ ನಗರದಲ್ಲಿ ಮರೆಯಬಾರದ ಇನ್ನೊಂದು ಸಂಗತಿ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿಯ ಅಕ್ಕಪಕ್ಕದ ಕುರ್ಲಾ, ಕಾಲಿನಾ ಮುಳುಗಿದವು. 2019ರ ಜುಲೈಯಲ್ಲಿ ಉಲ್ಹಾಸ್ ನದಿ ಉಕ್ಕಿ, ಬದ್ಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ಮಧ್ಯೆ ನಿಂತಿತು. ಸಾವಿರದಷ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರು ಮಾಡಬೇಕಾಯಿತು. ನಿಮ್ಮ ಮನೆ ಹತ್ತನೆಯ ಮಹಡಿಯಲ್ಲಿದ್ದರೂ ವಿದ್ಯುತ್ ಮೀಟರು, ನೀರಿನ ಪಂಪು ಹೆಚ್ಚಾಗಿ ಕೆಳಗೇ ಇರುತ್ತವೆ. ಬಿಲ್ಡರನನ್ನು ಕೇಳಬೇಡಿ. ಪಕ್ಕದ ಹಳೆಯ ಚಾಳಿನ ನೆಲಮಹಡಿಯವರನ್ನು, ಎದುರಿನ ಚಹಾ ಅಂಗಡಿಯವನನ್ನು ಕೇಳಿ: 'ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ?' ಅವನು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾನೆ.

ಗಾಳಿಯ ಮಾತೂ ಅಷ್ಟೇ. 2016ರ ಜನವರಿಯಲ್ಲಿ ದೇವನಾರಿನ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಕವಿದಾಗ ಸುತ್ತಲಿನ ಶಾಲೆಗಳನ್ನೇ ಮುಚ್ಚಬೇಕಾಯಿತು. ಕಸದ ಗುಡ್ಡ, ದೊಡ್ಡ ನಾಲೆ, ಕಾರ್ಖಾನೆಯ ಚಿಮಣಿ ಇವು ಎಷ್ಟು ದೂರದಲ್ಲಿವೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಿಚಾರಿಸಿ.

'ಎದುರಿಗೆ ಖಾಲಿ ಮೈದಾನ, ಸದಾ ಗಾಳಿ ಬೆಳಕು' ಎಂಬ ಮಾತಿಗೆ ಮರುಳಾಗಬೇಡಿ. ಆ ಜಾಗ ಯಾವುದಕ್ಕೆ ಮೀಸಲು ಎಂಬುದು ಮಹಾನಗರ ಪಾಲಿಕೆಯ 2034ರವರೆಗಿನ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿದೆ. ಆಟದ ಮೈದಾನವೋ, ಶಾಲೆಯೋ, ಅಗಲಗೊಳ್ಳಲಿರುವ ರಸ್ತೆಯೋ, ಅಲ್ಲೇ ತಿಳಿಯುತ್ತದೆ. ಹೊಸ ಕಟ್ಟಡವಾದರೆ ಮಹಾರೇರಾ ನೋಂದಣಿ ಸಂಖ್ಯೆ ಹಾಕಿ ನೋಡಿ. 2017ರ ಮೇ ತಿಂಗಳಿನಿಂದ ಈ ವ್ಯವಸ್ಥೆ ಇದೆ. ಒಪ್ಪಿಗೆಯಾದ ನಕ್ಷೆ, ಮುಗಿಸುವ ದಿನಾಂಕ, ಕೋರ್ಟು ವ್ಯಾಜ್ಯಗಳ ವಿವರ ಅದರಲ್ಲಿ ಸಿಗುತ್ತವೆ. ಕರಪತ್ರದಲ್ಲಿರುವ ಉದ್ಯಾನ ನಕ್ಷೆಯಲ್ಲೂ ಇದೆಯೇ ಎಂದು ತಾಳೆ ಹಾಕಿ. ಕಟ್ಟಿ ಮುಗಿದ ಮನೆಯಾದರೆ ವಾಸದ ಪ್ರಮಾಣಪತ್ರ, ಅಂದರೆ ಓಸಿ, ಕೇಳದೆ ಮುಂಗಡ ಕೊಡಬೇಡಿ.

ಕಾಗದ ನೋಡಿದಷ್ಟೇ ಕಾಳಜಿಯಿಂದ ಮನುಷ್ಯರನ್ನೂ ನೋಡಬೇಕು. ಸೊಸೈಟಿಯ ಸೆಕ್ರೆಟರಿಯನ್ನು ಭೇಟಿಯಾಗಿ. ಮಕ್ಕಳು ಕೆಳಗೆ ಆಡಲು ಬಿಡುತ್ತಾರೆಯೇ, ಇಲ್ಲ 'ಚೆಂಡಾಟ ನಿಷೇಧ' ಎಂಬ ಫಲಕವಿದೆಯೇ? ಟ್ಯಾಂಕರ್ ನೀರು ವರ್ಷದಲ್ಲಿ ಎಷ್ಟು ತಿಂಗಳು ಬೇಕು? ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ: ಮೀನು ಹುರಿದರೆ ಪಕ್ಕದ ಮನೆಯವರಿಂದ ತಕರಾರು ಬರುತ್ತದೆಯೇ? ನಗಬೇಡಿ, ಇಂಥ ಮಾತಿಗೆ ಮುಖ ಮುರಿದುಕೊಂಡ ಮಹಡಿಗಳಿವೆ. ಶಬ್ದಕ್ಕೂ ಕಾನೂನಿನ ಮಿತಿಯಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ನಂತರ 45. ಪಕ್ಕದಲ್ಲಿ ಮದುವೆ ಹಾಲ್ ಇದ್ದರೆ ಆ ಮಿತಿ ಕಾಗದದಲ್ಲಿ ಉಳಿಯಬಹುದು. ಪರೀಕ್ಷೆಗೆ ಓದುವ ಮಗು ಮನೆಯಲ್ಲಿದ್ದರೆ ಇದನ್ನು ಯೋಚಿಸಿ.

ಇದಕ್ಕೆಲ್ಲ ಒಂದು ಭೇಟಿ ಸಾಲದು. ಏಜೆಂಟ್ ತೋರಿಸುವುದು ಭಾನುವಾರ ಹನ್ನೊಂದು ಗಂಟೆಯ ಬೀದಿಯನ್ನು, ಆಗ ಎಲ್ಲವೂ ಶಾಂತ. ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ, ಅಲ್ಲಿಂದ ಸ್ಟೇಷನ್ನಿಗೆ ನಡೆದು ಲೋಕಲ್ ಹತ್ತಿ ನೋಡಿ. ಒಂದು ಸಂಜೆ ಆರಕ್ಕೆ ಹೋಗಿ, ಮಕ್ಕಳು ಹೊರಗೆ ಆಡುತ್ತಿದ್ದಾರೆಯೇ ನೋಡಿ. ರಾತ್ರಿ ಹತ್ತಕ್ಕೆ ಹೋಗಿ, ದೀಪ ಉರಿಯುತ್ತಿದೆಯೇ, ಹೆಣ್ಣುಮಕ್ಕಳು ಒಬ್ಬೊಬ್ಬರೇ ನಡೆದು ಬರುತ್ತಿದ್ದಾರೆಯೇ ನೋಡಿ. ಸಾಧ್ಯವಾದರೆ ಜೋರು ಮಳೆಯ ದಿನ ಒಮ್ಮೆ ಹೋಗಿ. ನಾಲ್ಕು ಭೇಟಿಯ ರೈಲು ಖರ್ಚು ಎಷ್ಟು? ನಾವು ಹೂಡುತ್ತಿರುವುದು ಜನ್ಮವಿಡೀ ದುಡಿದ ಹಣ.

ಕೊನೆಯದಾಗಿ, ನಮ್ಮ ಭಾಷೆಯ ಮಾತು. ಕನ್ನಡಿಗರೇ ಇರುವ ಕಟ್ಟಡ ಬೇಕೆಂದು ಹಟ ಹಿಡಿಯಬೇಕಿಲ್ಲ. ಮರಾಠಿ, ಗುಜರಾತಿ, ತಮಿಳು ಮಾತಿನ ನೆರೆಯವರ ನಡುವೆಯೇ ನಾವು ಬೆಳೆದದ್ದು, ಕಷ್ಟಕಾಲಕ್ಕೆ ಆದವರೂ ಅವರೇ. ಆದರೆ ಅಮ್ಮ ಸಂಜೆ ಉದ್ಯಾನದ ಬೆಂಚಿನಲ್ಲಿ ಕುಳಿತಾಗ, 'ಊಟ ಆಯಿತಾ?' ಎಂದು ಕೇಳುವ ಒಬ್ಬರಾದರೂ ಆ ಬೀದಿಯಲ್ಲಿದ್ದರೆ ಅವರ ದಿನವೇ ಬೇರೆ. ಹತ್ತಿರದಲ್ಲಿ ಕನ್ನಡ ಸಂಘವೋ, ಭಜನಾ ಮಂಡಳಿಯೋ, ಯಕ್ಷಗಾನ ಆಡಿಸುವವರೋ ಇದ್ದಾರೆಯೇ ಎಂದು ವಿಚಾರಿಸುವುದು ಸಂಕುಚಿತ ಬುದ್ಧಿಯಲ್ಲ, ಮನೆಯ ಹಿರಿಯರ ಬಗೆಗಿನ ಕಾಳಜಿ.

ಆದ್ದರಿಂದ ಕೇಳುಗರೇ, ಮುಂದಿನ ಬಾರಿ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೊರಟಾಗ ಅಮ್ಮನನ್ನೂ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ಲಿಫ್ಟ್ ಹತ್ತುವ ಮೊದಲು ಅಲ್ಲಿಂದ ತರಕಾರಿ ಅಂಗಡಿಯವರೆಗೆ ಅವರಿಬ್ಬರನ್ನು ಮುಂದೆ ಬಿಟ್ಟು, ನೀವು ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ನಿಮ್ಮ ಕೈ ಹುಡುಕುತ್ತಾರೆ ಎಂಬುದನ್ನು ಗಮನಿಸಿ. ಮನೆಯ ಒಳಗನ್ನು ಆಮೇಲೆ ನೋಡಿದರಾಯಿತು.

ನಿಮ್ಮ ಹೊಸ ಮನೆಯ ಗೃಹಪ್ರವೇಶ ಬೇಗ ಕೂಡಿಬರಲಿ.