ರಜೆ ಚೀಟಿಯಲ್ಲಿ ರೋಗದ ಹೆಸರು



ಉದ್ಯೋಗಿಯ ಚಿಕಿತ್ಸೆಯಲ್ಲಿ ಮೇಲಧಿಕಾರಿಯ ಹಸ್ತಕ್ಷೇಪ ಎಂಬುದು ಈ ಎರಡು ದಿನಗಳ ವಿಚಾರ ಸಂಕಿರಣದ ವಿಷಯ. ಹೀಗೆಂದ ಕೂಡಲೇ ಖಾಸಗಿತನ, ಮಾಹಿತಿ ಸೋರಿಕೆ, ಕಂಪ್ಯೂಟರ್ ಎಂದು ಚರ್ಚೆ ಎತ್ತರಕ್ಕೆ ಹೋಗಿಬಿಡುತ್ತದೆ. ನಾನು ಕೆಳಗಿನಿಂದ, ಒಂದು ರಜೆ ಅರ್ಜಿಯಿಂದ ಶುರು ಮಾಡುತ್ತೇನೆ.

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ರಜೆ ಅರ್ಜಿ ಹೀಗಿರುತ್ತದೆ: ಹೆಸರು, ಟೋಕನ್ ನಂಬರು, ಯಾವತ್ತಿನಿಂದ ಯಾವತ್ತಿನವರೆಗೆ, ಆಮೇಲೆ ‘ಕಾರಣ’. ಅರ್ಜಿ ಮೊದಲು ಲೈನ್ ಸೂಪರ್‌ವೈಸರ್ ಕೈಗೆ ಹೋಗುತ್ತದೆ. ಟಾರ್ಗೆಟ್ ಅವನ ತಲೆಯ ಮೇಲಿದೆ, ಒಂದು ಮೆಷಿನ್ ಖಾಲಿಯಾದರೆ ಇಡೀ ಲೈನು ನಿಧಾನವಾಗುತ್ತದೆ. ಆದ್ದರಿಂದ ಅವನು ಕೇಳಿಯೇ ಕೇಳುತ್ತಾನೆ, ‘ಏನಾಗಿದೆ? ಯಾವ ಡಾಕ್ಟ್ರು? ಅಷ್ಟು ದಿನ ಯಾಕೆ ಬೇಕು?’ ಅಲ್ಲಿಂದ ಫ್ಲೋರ್ ಇನ್‌ಚಾರ್ಜ್, ಅಲ್ಲಿಂದ ಎಚ್‌ಆರ್, ಅಲ್ಲಿಂದ ಟೈಮ್ ಆಫೀಸು. ಅರ್ಜಿ ಇಷ್ಟು ಮೇಜು ದಾಟುವಷ್ಟರಲ್ಲಿ ಆ ಹೆಣ್ಣುಮಗಳ ಗರ್ಭಕೋಶದಲ್ಲಿ ಗಡ್ಡೆ ಇದೆ ಎನ್ನುವುದು ಪಕ್ಕದ ಲೈನಿಗೂ ಗೊತ್ತಾಗಿರುತ್ತದೆ.

ನಾನು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಕೂತು ಕೆಲಸ ಮಾಡಿದವಳು. ಅಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಕೋರಿಕೆ. ಕ್ಷಯ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದ ಹೊಲಿಗೆ ವಿಭಾಗದ ಹುಡುಗಿಯೊಬ್ಬಳು ಬಾಗಿಲು ಮುಂದೆ ಮಾಡಿ ಕೇಳಿದಳು: ‘ಮೇಡಂ, ಟೈಫಾಯ್ಡ್ ಅಂತ ಬರ್ದುಕೊಡಿ. ಟಿಬಿ ಅಂದ್ರೆ ನನ್ ಪಕ್ಕ ಯಾರೂ ಕೂರಲ್ಲ.’ ನಾನು ಟೈಫಾಯ್ಡ್ ಎಂದು ಬರೆಯಲಿಲ್ಲ, ಕ್ಷಯ ಎಂದೂ ಬರೆಯಲಿಲ್ಲ. ‘ಇಷ್ಟು ದಿನ ಕೆಲಸಕ್ಕೆ ಬರಲು ಶಕ್ತಳಲ್ಲ’ ಎಂದಷ್ಟೇ ಬರೆದೆ. ಆಡಳಿತದವರು ಚೀಟಿ ವಾಪಸ್ ಕಳಿಸಿದರು, ರೋಗದ ಹೆಸರು ಬೇಕು ಎಂದರು. ಕೊಡಲಾಗುವುದಿಲ್ಲ ಎಂದು ಮತ್ತೆ ಬರೆದೆ. ಈ ಹಗ್ಗಜಗ್ಗಾಟ ನಡೆಯುತ್ತಿದ್ದಾಗ ಸೂಪರ್‌ವೈಸರ್ ಅವಳ ಮನೆಗೇ ಫೋನು ಮಾಡಿ ಅವಳ ತಮ್ಮನಿಂದ ವಿಷಯ ತಿಳಿದುಕೊಂಡಿದ್ದ. ಸರ್ಕಾರಿ ಆಸ್ಪತ್ರೆಯ ಗುಳಿಗೆ ಬೇಡ, ತನಗೆ ಗೊತ್ತಿರುವ ಖಾಸಗಿ ಡಾಕ್ಟರ ಹತ್ತಿರ ಹೋದರೆ ಬೇಗ ವಾಸಿಯಾಗುತ್ತದೆ ಎಂದು ಸಲಹೆಯನ್ನೂ ಕೊಟ್ಟಿದ್ದ.

ಈ ಕಥೆಯ ವೈದ್ಯಕೀಯ ಭಾಗ ಸರಳ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಗುಳಿಗೆ ಸರಿಯಾಗಿ ತೆಗೆದುಕೊಂಡರೆ ಮೊದಲ ಕೆಲವು ವಾರಗಳಲ್ಲೇ ಸೋಂಕು ಹರಡುವುದು ಬಹುಮಟ್ಟಿಗೆ ತಗ್ಗುತ್ತದೆ, ವೈದ್ಯರು ಒಪ್ಪಿದ ಮೇಲೆ ಕೆಲಸಕ್ಕೆ ಬರಬಹುದು. ಕೆಡುವುದು ನಡುವೆ ಗುಳಿಗೆ ತಪ್ಪಿದಾಗ. ಲೈನಿನಲ್ಲಿ ಯಾರಾದರೂ ನೋಡಿಯಾರು ಎಂದು ಬಚ್ಚಿಟ್ಟುಕೊಂಡು ನುಂಗುವವರು ಒಂದು ದಿನ ಬಿಡುತ್ತಾರೆ, ಎರಡು ದಿನ ಬಿಡುತ್ತಾರೆ. ಔಷಧಿಗೆ ಬಗ್ಗದ ಕ್ಷಯ ಬೆಳೆಯುವುದು ಹೀಗೆ. ರೋಗದ ಹೆಸರು ತಿಳಿದರೆ ಉಳಿದವರನ್ನು ಕಾಪಾಡಬಹುದೆಂದು ಆಡಳಿತ ಹೇಳುತ್ತದೆ. ಆದರೆ ಹೆಸರು ಕೇಳುವ ಆ ಒತ್ತಡವೇ ಉಳಿದವರಿಗೆ ಅಪಾಯ ತರುತ್ತದೆ.

ಇನ್ನೊಂದು ನಷ್ಟವೂ ಇದೆ. ಇಎಸ್‌ಐ ವ್ಯವಸ್ಥೆಯಲ್ಲಿ ಕಾಯಿಲೆಯ ಕಾಲಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗಳಿಗೆ, ನಿಗದಿಯಾದ ಅರ್ಹತೆ ಇದ್ದರೆ, ಶೇ 80ರಂತೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಇದರಲ್ಲಿ ಕಾರ್ಮಿಕರ ಸ್ವಂತ ವಂತಿಗೆಯೂ ಇದೆ, ಇದು ಯಾರ ದಾನವೂ ಅಲ್ಲ. ಆದರೂ ಕಾಗದ ಎಚ್‌ಆರ್ ಮೂಲಕ ಹೋದರೆ ಗುಟ್ಟು ಬಯಲಾಗುತ್ತದೆಂದು ಹೆದರಿ, ಸಂಬಳವಿಲ್ಲದ ರಜೆ ಹಾಕಿ, ಸಾಲ ಮಾಡಿ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ರೋಗಿಯನ್ನು ಕೆಲಸದಿಂದ ತೆಗೆಯದಂತೆ 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ ಮಾಲೀಕರನ್ನು ತಡೆದಿತ್ತು. ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ ಎಂಬುದು ಅದರ ಸಾರ. ಭತ್ಯೆಯನ್ನೇ ಪಡೆಯದವಳಿಗೆ ಆ ರಕ್ಷಣೆ ತಲುಪುವುದು ಹೇಗೆ?

ಆದ್ದರಿಂದ ಈ ಸಂಕಿರಣದ ಮುಂದೆ ನಾನಿಡುವ ಮಾತು ಒಂದೇ. ಮೇಲಧಿಕಾರಿ ಕೇಳಬಹುದಾದ್ದು ಈ ವ್ಯಕ್ತಿ ಈ ಕೆಲಸ ಮಾಡಬಲ್ಲರೇ, ಯಾವಾಗಿನಿಂದ, ಯಾವ ಎಚ್ಚರಿಕೆಯೊಂದಿಗೆ ಎಂದು ಮಾತ್ರ. ರೋಗದ ಹೆಸರು, ಆಸ್ಪತ್ರೆಯ ಆಯ್ಕೆ, ಚಿಕಿತ್ಸೆಯ ದಾರಿ, ಆಪರೇಷನ್ ದಿನ ಇವು ಯಾವುವೂ ಅವರ ಕಡತಕ್ಕೆ ಸೇರಿದವಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. ಔದ್ಯೋಗಿಕ ಆರೋಗ್ಯ ಸೇವೆಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1985ರಲ್ಲಿ ತಂದ 161ನೇ ಒಪ್ಪಂದದಲ್ಲಿ, ಕೆಲಸಗಾರರ ಗೈರುಹಾಜರಿಯ ಕಾರಣ ಪತ್ತೆ ಮಾಡುವಂತೆ ಕಾರ್ಖಾನೆಯ ವೈದ್ಯ ಸಿಬ್ಬಂದಿಯನ್ನು ಮಾಲೀಕರು ಬಳಸಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಇದೆ. ಭಾರತ ಆ ಒಪ್ಪಂದವನ್ನು ಅನುಮೋದಿಸಿಲ್ಲ. ಅದೇ ಸಂಸ್ಥೆ 1997ರಲ್ಲಿ ಹೊರತಂದ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೈದ್ಯಕೀಯ ತಪಾಸಣೆಯ ನಂತರ ಮಾಲೀಕರಿಗೆ ತಲುಪಬೇಕಾದ್ದು ಉದ್ಯೋಗಕ್ಕೆ ಸಂಬಂಧಿಸಿದ ನಿರ್ಣಯ ಮಾತ್ರ, ಅದರಲ್ಲಿ ವೈದ್ಯಕೀಯ ವಿವರ ಇರಕೂಡದು ಎಂದಿತು. ನಮ್ಮಲ್ಲೂ ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳು ರೋಗಿಯ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿವೆ. ಸಂಬಳ ಯಾರು ಕೊಡುತ್ತಾರೆ ಎಂಬುದರ ಮೇಲೆ ಆ ಕರ್ತವ್ಯ ಬದಲಾಗುವುದಿಲ್ಲ. ಕಾರ್ಖಾನೆಯ ವೈದ್ಯರಿಗೆ ಇದನ್ನು ನಾನು ಒತ್ತಿ ಹೇಳಬೇಕು. ನಮ್ಮ ಮುಂದೆ ಸ್ಟೂಲಿನ ಮೇಲೆ ಕೂತಿರುವವರು ಕಂಪನಿಯ ಆಸ್ತಿಯಲ್ಲ, ನಮ್ಮ ರೋಗಿ.

ನ್ಯಾಯಾಲಯಗಳೂ ಈ ದಾರಿಯಲ್ಲೇ ನಡೆದಿವೆ. ಎಲ್‌ಐಸಿಯಲ್ಲಿ ಸಹಾಯಕಿಯಾಗಿ ಸೇರಿದ್ದ ಮಹಿಳೆಯೊಬ್ಬರು ಪರೀಕ್ಷಾರ್ಥ ಅವಧಿಯಲ್ಲೇ ಹೆರಿಗೆ ರಜೆ ಪಡೆದರು, ಅವರನ್ನು ಕೆಲಸದಿಂದ ತೆಗೆದರು. ನೇಮಕಾತಿಯ ಘೋಷಣಾ ಪತ್ರದಲ್ಲಿ ಅವರು ತಮ್ಮ ಮುಟ್ಟಿನ ದಿನವನ್ನು ತಪ್ಪಾಗಿ ತಿಳಿಸಿದ್ದರೆಂಬುದು ಸಂಸ್ಥೆಯ ವಾದ. ಸುಪ್ರೀಂ ಕೋರ್ಟ್ ಆ ಪತ್ರವನ್ನೇ ತೆಗೆದು ನೋಡಿತು. ಮುಟ್ಟು ಸರಿಯಾಗಿ ಆಗುತ್ತಿದೆಯೇ, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ, ಗರ್ಭಪಾತ ಆಗಿತ್ತೇ ಎಂಬ ಪ್ರಶ್ನೆಗಳು ಅಲ್ಲಿ ಅಚ್ಚಾಗಿದ್ದವು. ಇವು ಹೆಣ್ಣಿನ ಮಾನ ಕಳೆಯುವಂಥವು ಎಂದು ಕಂಡುಕೊಂಡ ನ್ಯಾಯಾಲಯ ಅವನ್ನು ತೆಗೆದುಹಾಕಲು ನಿರ್ದೇಶಿಸಿತು, ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿತು. 1992ರಲ್ಲಿ ವರದಿಯಾದ ತೀರ್ಪು ಇದು. 1997ರಲ್ಲಿ ಬಾಂಬೆ ಹೈಕೋರ್ಟ್, ಎಚ್‌ಐವಿ ಸೋಂಕಿದೆಯೆಂದು ಕೆಲಸ ನಿರಾಕರಿಸಲ್ಪಟ್ಟ ಹಂಗಾಮಿ ಕಾರ್ಮಿಕನೊಬ್ಬನ ಪ್ರಕರಣದಲ್ಲಿ, ಸೋಂಕು ಇದೆ ಎಂಬುದಷ್ಟೇ ಸಾಲದು, ಕೆಲಸ ಮಾಡಲಾರನೇ ಅಥವಾ ಸಹೋದ್ಯೋಗಿಗಳಿಗೆ ನಿಜವಾದ ಅಪಾಯವಿದೆಯೇ ಎಂದು ನೋಡಬೇಕು ಎಂದಿತು. ಆ ಕಾರ್ಮಿಕ ತನ್ನ ಹೆಸರು ಮರೆಮಾಚಿಕೊಂಡೇ ದಾವೆ ನಡೆಸಲು ಅವಕಾಶ ಕೊಟ್ಟಿದ್ದು ಇನ್ನೂ ದೊಡ್ಡದು. 2017ರಲ್ಲಂತೂ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷ ಬಂದ ಎಚ್‌ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎರಡೂ ಗೋಪ್ಯತೆಯ ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟಿವೆ.

ಕಾನೂನು ಇಷ್ಟಿದ್ದೂ ಸೂಪರ್‌ವೈಸರ್ ಮನೆಗೆ ಫೋನು ಮಾಡುತ್ತಾನೆ. ಕಾರಣ, ರಜೆ ಕೊಡುವವನೂ ಅವನೇ, ಕಾರಣ ಕೇಳುವವನೂ ಅವನೇ. ಇವೆರಡನ್ನೂ ಬೇರೆ ಮಾಡದೆ ಎಷ್ಟು ಕಾಯ್ದೆ ತಂದರೂ ಅವು ಲೈನಿನವರೆಗೆ ಇಳಿಯುವುದಿಲ್ಲ. ರೋಹ್ತಕ್‌ನ ವಿಶ್ವವಿದ್ಯಾಲಯವೊಂದರ ಪ್ರಕರಣ ನೆನಪಿಸಿಕೊಳ್ಳಿ. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸ್ವಚ್ಛತಾ ಕೆಲಸದ ಹೆಣ್ಣುಮಕ್ಕಳು, ಮುಟ್ಟಾಗಿರುವುದಕ್ಕೆ ಫೋಟೊ ಸಾಕ್ಷಿ ಕೊಡುವಂತೆ ಮೇಲ್ವಿಚಾರಕರು ಒತ್ತಾಯಿಸಿದರೆಂದು ದೂರಿದರು. ಅದೇ ತಿಂಗಳು ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತ್ತು. ರಜೆ ಬಂದದ್ದು ಸಂತೋಷವೇ. ಅದನ್ನು ಕೇಳುವ ಹೆಣ್ಣುಮಗಳು ಯಾರ ಮುಂದೆ ನಿಂತು ಏನು ಹೇಳಬೇಕಾಗುತ್ತದೆ ಎಂಬುದನ್ನು ನಾವು ಅಷ್ಟೇ ಕಾಳಜಿಯಿಂದ ನೋಡಬೇಕು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಎಲ್ಲ ಹಸ್ತಕ್ಷೇಪವೂ ದರ್ಪದಿಂದ ಬರುವುದಿಲ್ಲ. ನಮ್ಮ ಸಣ್ಣ ಕೈಗಾರಿಕೆಗಳಲ್ಲಿ, ಅಂಗಡಿಗಳಲ್ಲಿ, ತೋಟಗಳಲ್ಲಿ ಮಾಲೀಕರೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅಡ್ವಾನ್ಸ್ ಕಟ್ಟುತ್ತಾರೆ, ಮಧ್ಯರಾತ್ರಿ ರಕ್ತ ಹೊಂದಿಸುತ್ತಾರೆ. ಆ ಸಹಾಯ ನಿಜ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ದುಡ್ಡು ಕಟ್ಟಿದವರು ವೈದ್ಯರ ಕೊಠಡಿಯೊಳಗೂ ಬಂದು ಕೂರುತ್ತಾರೆ. ರಿಪೋರ್ಟು ಮೊದಲು ಅವರ ಕೈಗೆ ಹೋಗುತ್ತದೆ. ‘ಆಪರೇಷನ್ ಈಗ ಬೇಡ, ಮಾರ್ಚ್ ಕಳೀಲಿ’ ಎಂದು ಅವರು ಹೇಳುತ್ತಾರೆ, ರೋಗಿ ತಲೆಯಾಡಿಸುತ್ತಾನೆ. ಕಾಮಾಲೆಗೆ ತಮ್ಮೂರಿನ ಬೇರು ಸಾಕು ಎನ್ನುತ್ತಾರೆ, ಅದಕ್ಕೂ ತಲೆಯಾಡಿಸುತ್ತಾನೆ. ವೈದ್ಯರಾದ ನಾವು ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ‘ಯಜಮಾನ್ರೇ, ಸ್ವಲ್ಪ ಹೊರಗೆ ಕೂತಿರಿ’ ಎಂದು ಹೇಳುವ ಧೈರ್ಯ ನಮಗೆ ಬೇಕು. ಹೇಳಿದರೆ ಬಹಳಷ್ಟು ಜನ ಎದ್ದು ಹೋಗುತ್ತಾರೆ, ಬೇಸರವನ್ನೂ ಪಟ್ಟುಕೊಳ್ಳುವುದಿಲ್ಲ.

ಈ ಸಹಾಯದಲ್ಲಿ ಸಾಲ ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಬೀಡ್ ಜಿಲ್ಲೆ ಸಾಕ್ಷಿ. ಮಹಾರಾಷ್ಟ್ರದ ಆ ಜಿಲ್ಲೆಯಿಂದ ಗಂಡ ಹೆಂಡತಿ ಒಟ್ಟಿಗೆ ಕಬ್ಬು ಕಡಿಯಲು ಹೊರಡುತ್ತಾರೆ, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಗದ್ದೆಗಳಿಗೂ ಬರುತ್ತಾರೆ. ಜೋಡಿಯನ್ನು ಒಂದೇ ‘ಕೊಯ್ತಾ’, ಅಂದರೆ ಒಂದೇ ಕುಡುಗೋಲು, ಎಂದು ಲೆಕ್ಕ ಹಿಡಿದು ಮುಕಾದಮ, ಅಂದರೆ ಕೂಲಿಯಾಳುಗಳ ಗುತ್ತಿಗೆದಾರ, ಮುಂಗಡ ಕೊಡುತ್ತಾನೆ. ಒಂದು ದಿನ ತಪ್ಪಿದರೆ ದಂಡ. ಮುಟ್ಟಿನ ದಿನ, ಬಿಳಿಸೆರಗಿನ ನೋವು, ಹೊಟ್ಟೆನೋವು ಎಲ್ಲವೂ ಆ ಲೆಕ್ಕದಲ್ಲಿ ನಷ್ಟ. ಗರ್ಭಕೋಶ ತೆಗೆಸಲು ಕೂಡ ಮುಂಗಡ ಸಿಗುತ್ತಿತ್ತು. 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿ ಬೀಡ್ ಜಿಲ್ಲೆಯ 82,309 ಹೆಣ್ಣುಮಕ್ಕಳನ್ನು ಸಮೀಕ್ಷೆ ಮಾಡಿದಾಗ 13,861 ಜನರಿಗೆ ಗರ್ಭಕೋಶ ತೆಗೆದಿತ್ತು, ಬಹುಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ಯಾರೂ ಅವರ ಕೈಕಾಲು ಕಟ್ಟಿ ಆಪರೇಷನ್ ಮಾಡಿಸಲಿಲ್ಲ. ಸಹಿ ಅವರದೇ. ಆದರೆ ಆ ನಿರ್ಧಾರದ ಹಿಂದೆ ಗದ್ದೆಯ ಕೂಲಿ ಲೆಕ್ಕವಿತ್ತು, ತೀರಿಸಬೇಕಾದ ಸಾಲವಿತ್ತು.

ಅಪವಾದಗಳಿಲ್ಲವೇ ಎಂದು ಕೇಳುವಿರಿ. ಇವೆ. ಬಸ್ ಚಾಲಕನಿಗೆ ಮೂರ್ಛೆ ರೋಗವಿದ್ದರೆ, ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಟೈಫಾಯ್ಡ್ ಇದ್ದರೆ ಸುಮ್ಮನಿರಲಾಗದು. ಅಲ್ಲೂ ವೈದ್ಯರು ಹೇಳಬೇಕಾದ್ದು ‘ಈ ಕೆಲಸಕ್ಕೆ ಈಗ ಯೋಗ್ಯರಲ್ಲ, ಬೇರೆ ಕೆಲಸ ಕೊಡಬಹುದು’ ಎಂದು. 2012ರಿಂದ ಪ್ರತಿ ಕ್ಷಯ ಪ್ರಕರಣವನ್ನೂ ವೈದ್ಯರು ವರದಿ ಮಾಡಲೇಬೇಕು. ವರದಿ ಹೋಗುವುದು ಆರೋಗ್ಯ ಇಲಾಖೆಗೆ, ಎಚ್‌ಆರ್ ಮ್ಯಾನೇಜರ್‌ಗೆ ಅಲ್ಲ.

ಇನ್ನು ಗೋಷ್ಠಿಗಳ ಬಗ್ಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಅಡಿಯಲ್ಲಿ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದಾಗಿದೆ. ತಪಾಸಣೆಯ ಖರ್ಚು ಮಾಲೀಕರದು. ಹಾಗಾದರೆ ಸಕ್ಕರೆ, ರಕ್ತದೊತ್ತಡದ ವರದಿ ಯಾರ ಬೀರುವಿನಲ್ಲಿರುತ್ತದೆ? ಮುಂದಿನ ವರ್ಷ ಗುತ್ತಿಗೆ ನವೀಕರಿಸುವಾಗ ಅದನ್ನು ಯಾರು ತೆರೆದು ನೋಡುತ್ತಾರೆ? ಮೊದಲ ಗೋಷ್ಠಿ ಇದನ್ನು ಬಿಡಿಸಲಿ. ಗುಂಪು ವಿಮೆಯ ಕ್ಲೇಮು ಎಚ್‌ಆರ್ ಮೇಜಿನ ಮೇಲೆ ಹಾದುಹೋಗದಂತೆ ಮಾಡುವುದು ಹೇಗೆ ಎಂಬುದನ್ನು ಐಟಿ ಕಂಪನಿಗಳಿಂದ ಬಂದಿರುವವರು ಹೇಳಲಿ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಹುಡುಗರು ಅದೊಂದೇ ಭಯಕ್ಕೆ ತಮ್ಮ ಕೈಯಿಂದ ದುಡ್ಡು ಹಾಕುತ್ತಿದ್ದಾರೆ.

ಎರಡನೆಯ ದಿನ ಮುಗಿಯುವಷ್ಟರಲ್ಲಿ ಒಂದು ಪುಟದ ಮಾದರಿ ಚೀಟಿಯನ್ನು ನಾವೇ ತಯಾರಿಸಿ ಕಾರ್ಮಿಕ ಇಲಾಖೆಗೆ ಕೊಡೋಣ ಎಂಬುದು ನನ್ನ ಕೋರಿಕೆ. ಅದರಲ್ಲಿ ಇರಬೇಕಾದ್ದು ಎಷ್ಟು ದಿನ ವಿಶ್ರಾಂತಿ, ಯಾವತ್ತಿನಿಂದ ಕೆಲಸ, ನಿಂತು ಮಾಡುವ ಅಥವಾ ಭಾರ ಎತ್ತುವ ಕೆಲಸ ಕೊಡಬಹುದೇ ಎಂಬಷ್ಟು ಮಾತ್ರ. ‘ಕಾರಣ’ ಎಂಬ ಸಾಲು ಅದರಲ್ಲಿ ಬೇಡ. ಅದನ್ನು ಸ್ವೀಕರಿಸುವ ಕೈ ಲೈನಿನದಾಗಿರುವುದೂ ಬೇಡ.

ಮನೆಗೆಲಸದವರ ಗೋಷ್ಠಿಯನ್ನು ನಾಳೆ ಸಂಜೆ ಕೊನೆಗೆ ಇಟ್ಟಿದ್ದೀರಿ. ಸಾಧ್ಯವಾದರೆ ಬೆಳಿಗ್ಗೆಗೆ ತನ್ನಿ ಎಂದು ಸಂಘಟಕರಲ್ಲಿ ಬೇಡಿಕೊಳ್ಳುತ್ತೇನೆ. ಅವರಿಗೆ ಡಿಸ್ಪೆನ್ಸರಿ ಇಲ್ಲ, ಎಚ್‌ಆರ್ ಇಲ್ಲ, ರಜೆ ಅರ್ಜಿಯೂ ಇಲ್ಲ, ಎಲ್ಲ ಮಾತೂ ಅಡುಗೆಮನೆಯ ಬಾಗಿಲಲ್ಲಿ ‘ಅಮ್ಮಾ’ ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಅಲ್ಲಿ ಈ ಚೀಟಿಯನ್ನು ಯಾರು ಯಾರಿಗೆ ಕೊಡಬೇಕು ಎಂಬುದನ್ನು ಆ ಹೆಣ್ಣುಮಕ್ಕಳೇ ಹೇಳಲಿ. ಅದಕ್ಕೆ ಸಂಜೆಯ ಅರ್ಧ ಗಂಟೆ ಸಾಲದು.